ತೋಟದ ಹಳೆಯ ಫೋರ್ ವೀಲ್ ಡ್ರೈವ್ ಜೀಪಿನ ಎತ್ತರ ಹೆಚ್ಚಿಸುವುದು: ಆಯ್ಕೆ, ಮಿತಿ ಮತ್ತು ಸುರಕ್ಷತೆ

ಕೊಡಗು, ಚಿಕ್ಕಮಗಳೂರು ಹಾಗೂ ಹಾಸನ ಜಿಲ್ಲೆಯ ಸಕಲೇಶಪುರ ಭಾಗದ ಕಾಫಿ ತೋಟಗಳಲ್ಲಿ ಇಂದಿಗೂ ಹಳೆಯ ಫೋರ್ ವೀಲ್ ಡ್ರೈವ್ ಜೀಪುಗಳು ದುಡಿಯುತ್ತಿವೆ. ಗೊಬ್ಬರ, ಡೀಸೆಲ್ ಪಂಪು, ಕೊಯ್ಲಾದ ಹಣ್ಣು, ಒಣಗಿದ ಕಾಫಿ ಚೀಲ ಇವೆಲ್ಲವನ್ನೂ ಟ್ರ್ಯಾಕ್ಟರ್ ಹೋಗಲಾರದ ಇಳಿಜಾರಿನಲ್ಲಿ ಸಾಗಿಸುವುದು ಈ ವಾಹನಗಳೇ. ಮಳೆಗಾಲದಲ್ಲಿ ಗಾಡಿ ಜಾಡು ಆಳವಾದಂತೆ ಜೀಪಿನ ಹೊಟ್ಟೆ ನೆಲಕ್ಕೆ ತಾಗುತ್ತದೆ. ಆಗ ವಾಹನವನ್ನು ಎತ್ತರಿಸುವ ಆಲೋಚನೆ ಬರುವುದು ಸಹಜ. ಆದರೆ ತಪ್ಪಾಗಿ ಎತ್ತರಿಸಿದ ಜೀಪು ಅಡ್ಡ ಇಳಿಜಾರಿನಲ್ಲಿ ಸುಲಭವಾಗಿ ಮಗುಚುತ್ತದೆ. ಆದ್ದರಿಂದ ಹಣ ವೆಚ್ಚ ಮಾಡುವ ಮೊದಲು ಈ ಕೆಳಗಿನ ಅಂಶಗಳನ್ನು ಕ್ರಮವಾಗಿ ಪರಿಶೀಲಿಸುವುದು ಸೂಕ್ತ.

ಈ ಲೇಖನವು ಮಹೀಂದ್ರ ಸಿಜೆ 340, ಎಂಎಂ 540 ಮುಂತಾದ, ನಾಲ್ಕೂ ಚಕ್ರಗಳಿಗೆ ಲೀಫ್ ಸ್ಪ್ರಿಂಗ್ ಇರುವ ಹಳೆಯ ಜೀಪುಗಳಿಗೆ ಸಂಬಂಧಿಸಿದೆ. ಮುಂಭಾಗದಲ್ಲಿ ಸ್ವತಂತ್ರ ಸಸ್ಪೆನ್ಷನ್ ಇರುವ ವಾಹನಗಳಿಗೆ ಇದೇ ವಿಧಾನ ಅನ್ವಯಿಸುವುದಿಲ್ಲ.

ಎತ್ತರ ಎಂದರೆ ಯಾವ ಎತ್ತರ?

ವಾಹನದ ಕೆಳಗೆ ಎರಡು ಬಗೆಯ ಅಂತರಗಳಿವೆ. ಇವುಗಳ ವ್ಯತ್ಯಾಸ ತಿಳಿಯದೆ ಮಾಡಿದ ವೆಚ್ಚ ವ್ಯರ್ಥವಾಗಬಹುದು.

1. ಚಾಸಿ, ಗೇರ್ ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿನ ಕೆಳಗಿನ ಅಂತರ. ಸಸ್ಪೆನ್ಷನ್ ಎತ್ತರಿಸಿದರೆ ಇದು ಹೆಚ್ಚುತ್ತದೆ.
2. ಡಿಫರೆನ್ಷಿಯಲ್ ಹೌಸಿಂಗ್‌ನ ಕೆಳಗಿನ ಅಂತರ. ಹೌಸಿಂಗ್ ಚಕ್ರದ ಜೊತೆಯಲ್ಲೇ ನಿಂತಿರುವುದರಿಂದ ಸ್ಪ್ರಿಂಗ್ ಎಷ್ಟೇ ಎತ್ತರಿಸಿದರೂ ಇದು ಬದಲಾಗುವುದಿಲ್ಲ. ದೊಡ್ಡ ಟೈರಿನಿಂದ ಮಾತ್ರ ಹೆಚ್ಚುತ್ತದೆ. ಅದೂ ಟೈರಿನ ವ್ಯಾಸ ಹೆಚ್ಚಿದಷ್ಟರಲ್ಲಿ ಅರ್ಧ ಮಾತ್ರ.

ಉದಾಹರಣೆಗೆ, 215/75 ಆರ್ 15 ಟೈರಿನ ವ್ಯಾಸ ಸುಮಾರು 703 ಮಿ.ಮೀ.; 235/75 ಆರ್ 15 ಟೈರಿನದು ಸುಮಾರು 733 ಮಿ.ಮೀ. ವ್ಯಾಸದಲ್ಲಿ 30 ಮಿ.ಮೀ. ಹೆಚ್ಚಳವಾದರೂ ಹೌಸಿಂಗ್ ಏರುವುದು 15 ಮಿ.ಮೀ. ಮಾತ್ರ.

ನಿಮ್ಮ ಜೀಪು ಎಲ್ಲಿ ತಾಗುತ್ತಿದೆ ಎಂಬುದನ್ನು ಮೊದಲು ನೋಡಿ. ಜಾಡಿನ ನಡುವಿನ ದಿಬ್ಬದ ಎತ್ತರವನ್ನು ಅಳೆಯಿರಿ. ದಿಬ್ಬ 22 ಸೆಂ.ಮೀ. ಇದ್ದು, ಹೌಸಿಂಗ್ ಕೆಳಗಿನ ಅಂತರ 20 ಸೆಂ.ಮೀ. ಇದ್ದರೆ, ಸಸ್ಪೆನ್ಷನ್ ಎತ್ತರಿಸುವುದರಿಂದ ಪ್ರಯೋಜನವಿಲ್ಲ. ಅಲ್ಲಿ ದಿಬ್ಬವನ್ನು ಗುದ್ದಲಿಯಿಂದ ಕಡಿದು, ಜಾಡಿಗೆ ಕಲ್ಲು ತುಂಬಿ, ಮಳೆ ನೀರು ರಸ್ತೆಯಲ್ಲಿ ಹರಿಯದಂತೆ ಅಡ್ಡಗಾಲುವೆ ತೆಗೆಯುವುದೇ ಅಗ್ಗದ ಹಾಗೂ ಶಾಶ್ವತ ಪರಿಹಾರ.

ಮೊದಲ ಹೆಜ್ಜೆ: ಕಳೆದುಹೋದ ಎತ್ತರವನ್ನು ಮರಳಿ ಪಡೆಯುವುದು

ಹಲವು ವರ್ಷ ಭಾರ ಹೊತ್ತ ಸ್ಪ್ರಿಂಗ್‌ಗಳು ತಮ್ಮ ಬಾಗು ಕಳೆದುಕೊಂಡು ಚಪ್ಪಟೆಯಾಗಿರುತ್ತವೆ. ಇಂತಹ ವಾಹನಕ್ಕೆ ಹೊಸದಾಗಿ ಎತ್ತರ ಸೇರಿಸುವುದಕ್ಕಿಂತ ಮೂಲ ಎತ್ತರವನ್ನು ಮರಳಿಸುವುದೇ ಬಹುಪಾಲು ಸಾಕಾಗುತ್ತದೆ.

ಪರಿಶೀಲನಾ ಕ್ರಮ:
• ಸಮತಟ್ಟಾದ ಜಾಗದಲ್ಲಿ ಖಾಲಿ ವಾಹನವನ್ನು ನಿಲ್ಲಿಸಿ, ನಾಲ್ಕೂ ಟೈರುಗಳಲ್ಲಿ ಸರಿಯಾದ ಗಾಳಿ ಇದೆಯೇ ನೋಡಿ.
• ಪ್ರತಿ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಅಂತರವನ್ನು ಅಳೆದು ಬರೆದಿಡಿ. ಎಡ–ಬಲಗಳ ನಡುವೆ ಎದ್ದುಕಾಣುವ ವ್ಯತ್ಯಾಸವಿದ್ದರೆ ಒಂದು ಬದಿಯ ಸ್ಪ್ರಿಂಗ್ ಸೋತಿದೆ ಅಥವಾ ಪ್ಲೇಟು ತುಂಡಾಗಿದೆ ಎಂದರ್ಥ.
• ಶಾಕಲ್, ಬುಷ್, ಸೆಂಟರ್ ಬೋಲ್ಟ್ ಮತ್ತು ಯು ಬೋಲ್ಟ್‌ಗಳ ಸವೆತವನ್ನು ನೋಡಿ.
• ಸ್ಪ್ರಿಂಗ್ ಹ್ಯಾಂಗರ್‌ಗಳ ಸುತ್ತ ಚಾಸಿಯಲ್ಲಿ ತುಕ್ಕು ಅಥವಾ ಬಿರುಕು ಇದೆಯೇ ಎಂದು ಮಣ್ಣು ತೊಳೆದು ಪರೀಕ್ಷಿಸಿ. ಬಿರುಕು ಇದ್ದಲ್ಲಿ ಅದನ್ನು ಸರಿಪಡಿಸದೆ ಮುಂದಿನ ಯಾವ ಕೆಲಸವನ್ನೂ ಕೈಗೊಳ್ಳಬಾರದು.

ಎತ್ತರಿಸುವ ವಿಧಾನಗಳು

ಅ) ಮೂಲ ಅಳತೆಯ ಹೊಸ ಸ್ಪ್ರಿಂಗ್: ತೋಟದ ಕೆಲಸಕ್ಕೆ ಇದು ಅತ್ಯಂತ ವಿಶ್ವಾಸಾರ್ಹ ಆಯ್ಕೆ. ಸ್ಟಿಯರಿಂಗ್, ಬ್ರೇಕ್, ಪ್ರೊಪೆಲ್ಲರ್ ಶಾಫ್ಟ್ ಯಾವುದನ್ನೂ ಬದಲಿಸಬೇಕಿಲ್ಲ. ಹಳೆಯ ಪ್ಲೇಟುಗಳನ್ನೇ ಬಡಿದು ಬಾಗು ಕೊಡಿಸುವುದು ಅಗ್ಗವಾದರೂ, ದಣಿದ ಉಕ್ಕು ಭಾರಕ್ಕೆ ಮತ್ತೆ ಬೇಗನೆ ಕುಸಿಯುತ್ತದೆ.

ಆ) ಹೆಚ್ಚುವರಿ ಪ್ಲೇಟು ಸೇರಿಸುವುದು: ಎತ್ತರ ಸ್ವಲ್ಪ ಹೆಚ್ಚುವುದರ ಜೊತೆಗೆ ಸ್ಪ್ರಿಂಗ್ ಗಡುಸಾಗುತ್ತದೆ. ಸದಾ ಭಾರ ಹೊರುವ ಜೀಪಿನ ಹಿಂಭಾಗಕ್ಕೆ ಇದು ಹೊಂದುತ್ತದೆ. ಖಾಲಿ ಓಡುವಾಗ ಮಾತ್ರ ಕುಲುಕಾಟ ಹೆಚ್ಚುತ್ತದೆ, ಒರಟು ಏರಿನಲ್ಲಿ ಚಕ್ರ ನೆಲ ಬಿಟ್ಟು ಹಿಡಿತ ತಪ್ಪುವುದೂ ಉಂಟು. ಪ್ಲೇಟು ಸೇರಿಸಿದರೂ ಚಾಸಿ, ಹೌಸಿಂಗ್ ಮತ್ತು ಬ್ರೇಕ್‌ಗಳ ಸಾಮರ್ಥ್ಯ ಹೆಚ್ಚುವುದಿಲ್ಲ. ಆದ್ದರಿಂದ ನೋಂದಣಿ ಪತ್ರದಲ್ಲಿ ನಮೂದಿಸಿದ ಭಾರದ ಮಿತಿಯನ್ನು ಮೀರಬಾರದು. 50 ಕೆ.ಜಿ.ಯ 15 ಚೀಲಗಳೆಂದರೆ 750 ಕೆ.ಜಿ. ಎಂಬುದನ್ನು ನೆನಪಿಡಿ.

ಇ) ಉದ್ದನೆಯ ಶಾಕಲ್: ಶಾಕಲ್ ಎಷ್ಟು ಉದ್ದವಾಗುತ್ತದೆಯೋ ಅದರ ಸುಮಾರು ಅರ್ಧದಷ್ಟು ಮಾತ್ರ ವಾಹನ ಏರುತ್ತದೆ. ಸ್ಪ್ರಿಂಗ್‌ನ ಒಂದು ತುದಿ ಮಾತ್ರ ಕೆಳಗಿಳಿಯುವುದರಿಂದ ಹೌಸಿಂಗ್ ತಿರುಗಿ ನಿಲ್ಲುತ್ತದೆ. ಮುಂದಿನ ಸ್ಪ್ರಿಂಗ್‌ನ ಶಾಕಲ್ ಮುಂತುದಿಯಲ್ಲಿದ್ದರೆ ಕ್ಯಾಸ್ಟರ್ ಕೋನ ಕಡಿಮೆಯಾಗಿ, ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳದೆ ವಾಹನ ರಸ್ತೆಯಲ್ಲಿ ಅತ್ತಿತ್ತ ಎಳೆಯುತ್ತದೆ. ಅಲ್ಪ ಪ್ರಮಾಣದ ಹೊಂದಾಣಿಕೆಯ ಹೊರತು ಈ ವಿಧಾನ ಸೂಕ್ತವಲ್ಲ.

ಈ) ಬ್ಲಾಕ್ ಇಡುವುದು: ಸ್ಪ್ರಿಂಗ್ ಮತ್ತು ಹೌಸಿಂಗ್ ನಡುವೆ ಲೋಹದ ಬ್ಲಾಕ್ ಇಟ್ಟು ಉದ್ದನೆಯ ಯು ಬೋಲ್ಟ್ ಹಾಕುವ ಈ ವಿಧಾನ, ಸ್ಪ್ರಿಂಗ್ ಹೌಸಿಂಗ್‌ನ ಮೇಲೆ ಕುಳಿತಿರುವ ವಾಹನಗಳಿಗೆ ಮಾತ್ರ ಅನ್ವಯ. ಹಿಂಭಾಗದಲ್ಲಿಯೂ ಒಂದೇ ಬ್ಲಾಕ್ ಇರಬೇಕು. ಒಂದರ ಮೇಲೊಂದು ಇಡಬಾರದು. ಮುಂಭಾಗಕ್ಕೆ ಬ್ಲಾಕ್ ಬಳಸಲೇಬಾರದು. ಬ್ರೇಕ್ ಹಾಕಿದಾಗ ಬರುವ ತಿರುಚು ಬಲಕ್ಕೆ ಬ್ಲಾಕ್ ಜಾರಿದರೆ ಸ್ಟಿಯರಿಂಗ್ ಹತೋಟಿ ಸಂಪೂರ್ಣ ತಪ್ಪುತ್ತದೆ.

ಉ) ಹೌಸಿಂಗ್ ಕೆಳಗಿರುವ ಸ್ಪ್ರಿಂಗ್ ಅನ್ನು ಮೇಲಕ್ಕೆ ವರ್ಗಾಯಿಸುವುದು: ಹೌಸಿಂಗ್ ಕೊಳವೆಯ ವ್ಯಾಸ ಮತ್ತು ಪ್ಲೇಟು ಕಟ್ಟಿನ ದಪ್ಪ ಸೇರಿದಷ್ಟು, ಅಂದರೆ ಸಾಮಾನ್ಯವಾಗಿ 100 ಮಿ.ಮೀ.ಗೂ ಹೆಚ್ಚು ಎತ್ತರ ಸಿಗುತ್ತದೆ. ಆದರೆ ಹೌಸಿಂಗ್ ಮೇಲೆ ಹೊಸ ಪೀಠಗಳನ್ನು ವೆಲ್ಡ್ ಮಾಡಬೇಕು. ಸ್ಟಿಯರಿಂಗ್ ರಾಡುಗಳು, ಪ್ರೊಪೆಲ್ಲರ್ ಶಾಫ್ಟ್, ಬ್ರೇಕ್ ಹೋಸ್, ಶಾಕ್ ಅಬ್ಸಾರ್ಬರ್ ಎಲ್ಲವನ್ನೂ ಮರುಹೊಂದಿಸಬೇಕು. ಭಾರ ಹೊತ್ತು ಇಳಿಜಾರಿನಲ್ಲಿ ಓಡುವ ತೋಟದ ಜೀಪಿಗೆ ಇದನ್ನು ಶಿಫಾರಸು ಮಾಡಲಾಗುವುದಿಲ್ಲ.

ಎಷ್ಟು ಎತ್ತರ ಸುರಕ್ಷಿತ?

ವಾಹನ ಅಡ್ಡಲಾಗಿ ಮಗುಚುವ ಕೋನವು ಎಡ–ಬಲ ಚಕ್ರಗಳ ನಡುವಿನ ಅಗಲ ಮತ್ತು ಗುರುತ್ವ ಕೇಂದ್ರದ ಎತ್ತರವನ್ನು ಅವಲಂಬಿಸಿದೆ. ಹಳೆಯ ಜೀಪುಗಳ ಅಗಲ ಕಡಿಮೆ. ಅಗಲ 1,240 ಮಿ.ಮೀ. ಎಂದಿಟ್ಟುಕೊಂಡು ಮಾಡಿದ ಲೆಕ್ಕ ಹೀಗಿದೆ:

• ಗುರುತ್ವ ಕೇಂದ್ರ 700 ಮಿ.ಮೀ. ಎತ್ತರದಲ್ಲಿದ್ದರೆ ಮಗುಚುವ ಕೋನ ಸುಮಾರು 42 ಡಿಗ್ರಿ.
• 100 ಮಿ.ಮೀ. ಏರಿ 800 ಮಿ.ಮೀ. ಆದರೆ ಸುಮಾರು 38 ಡಿಗ್ರಿ.
• ಚೀಲಗಳನ್ನು ಎತ್ತರಕ್ಕೆ ಪೇರಿಸಿ 900 ಮಿ.ಮೀ. ಆದರೆ ಸುಮಾರು 35 ಡಿಗ್ರಿ.
• ಎತ್ತರಿಸಿದ ಜೀಪಿನಲ್ಲಿ ಅದೇ ಭಾರ ಪೇರಿಸಿ 1,000 ಮಿ.ಮೀ. ಆದರೆ ಸುಮಾರು 32 ಡಿಗ್ರಿ.

ಇದು ಅಲುಗಾಡದೆ ನಿಂತ ವಾಹನದ ಲೆಕ್ಕ. ಚಲಿಸುವಾಗ ಸ್ಪ್ರಿಂಗ್ ಒಂದು ಬದಿಗೆ ಕುಗ್ಗುತ್ತದೆ, ಮೇಲ್ಬದಿಯ ಚಕ್ರ ಕಲ್ಲು ಹತ್ತುತ್ತದೆ, ಕೆಳಬದಿಯದು ಮಣ್ಣಿನಲ್ಲಿ ಹೂಳುತ್ತದೆ. ಹೀಗಾಗಿ ನಿಜವಾದ ಮಿತಿ ಇದಕ್ಕಿಂತ ಬಹಳ ಕಡಿಮೆ. ಈ ಕಾರಣದಿಂದ ತೋಟದ ಕೆಲಸದ ಜೀಪಿಗೆ ಮೂಲ ಎತ್ತರದ ಮೇಲೆ 25ರಿಂದ 50 ಮಿ.ಮೀ. ಮೀರದಿರುವುದು ಒಳಿತು. ಭಾರವನ್ನು ತಗ್ಗಿನಲ್ಲಿ ಹರಡಿ ತುಂಬಬೇಕು. ಚೀಲಗಳ ಮೇಲೆ ಕೆಲಸಗಾರರನ್ನು ಕೂರಿಸಬಾರದು. ವಾಹನ ಮಗುಚಿದಾಗ ಮೊದಲು ಅಪಾಯಕ್ಕೆ ಸಿಲುಕುವವರು ಅವರೇ.

ಎತ್ತರಿಸಿದ ನಂತರ ಕಡ್ಡಾಯವಾಗಿ ನೋಡಬೇಕಾದ ಅಂಶಗಳು

• ಬ್ರೇಕ್ ಹೋಸ್: ಚಾಸಿಯನ್ನು ಜ್ಯಾಕ್‌ನಿಂದ ಎತ್ತಿ ಚಕ್ರಗಳು ಪೂರ್ತಿ ಕೆಳಗೆ ಜೋತುಬಿದ್ದಾಗಲೂ ಹೋಸ್ ಬಿಗಿಯಾಗಬಾರದು. ಬಿಗಿಯಾದರೆ ಉದ್ದನೆಯ ಹೋಸ್ ಹಾಕಿಸಿ.
• ಶಾಕ್ ಅಬ್ಸಾರ್ಬರ್: ಪೂರ್ತಿ ಜೋತುಬಿದ್ದಾಗ ಅದು ಎಳೆದು ನಿಲ್ಲಬಾರದು, ಪೂರ್ತಿ ಕುಗ್ಗಿದಾಗ ತಳ ಮುಟ್ಟಬಾರದು.
• ಪ್ರೊಪೆಲ್ಲರ್ ಶಾಫ್ಟ್: ಎರಡೂ ತುದಿಯ ಯುನಿವರ್ಸಲ್ ಜಾಯಿಂಟ್‌ಗಳ ಕೋನ ಹೆಚ್ಚುಕಡಿಮೆ ಸಮನಾಗಿರಬೇಕು. ಕೋನ ಹೆಚ್ಚಾದಷ್ಟೂ ಕಂಪನ ಮತ್ತು ಸವೆತ ಹೆಚ್ಚು. ಜಾರು ತೋಳು ಸಾಕಷ್ಟು ಒಳಗೆ ಕುಳಿತಿದೆಯೇ ಎಂಬುದನ್ನೂ ನೋಡಿ.
• ಸ್ಟಿಯರಿಂಗ್: ಡ್ರ್ಯಾಗ್ ಲಿಂಕ್‌ನ ಇಳಿಜಾರು ಹೆಚ್ಚಾದರೆ ಹಳ್ಳ–ದಿಣ್ಣೆಗಳಲ್ಲಿ ಸ್ಟಿಯರಿಂಗ್ ತಾನಾಗಿ ಎಳೆಯುತ್ತದೆ.
• ಯು ಬೋಲ್ಟ್: ಹಳೆಯದನ್ನು ಮರುಬಳಕೆ ಮಾಡಬೇಡಿ. ಹೊಸದನ್ನು ಹಾಕಿದ ಮೇಲೆ ಮೊದಲ ಕೆಲವು ದಿನಗಳ ಓಡಾಟದ ನಂತರ ಮತ್ತೊಮ್ಮೆ ಬಿಗಿ ಮಾಡಿಸಿ.
• ಟೈರ್ ಮತ್ತು ಚೈನ್: ಮಳೆಗಾಲದಲ್ಲಿ ಚಕ್ರಕ್ಕೆ ಚೈನ್ ಕಟ್ಟುವ ರೂಢಿ ಇದ್ದರೆ, ಚೈನ್ ಸಮೇತ ಸ್ಟಿಯರಿಂಗ್ ಅನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಸ್ಪ್ರಿಂಗ್, ಹೋಸ್ ಹಾಗೂ ಮಡ್‌ಗಾರ್ಡ್‌ಗೆ ತಾಗದೆಂದು ಖಚಿತಪಡಿಸಿಕೊಳ್ಳಿ.
• ವೇಗಮಾಪಕ: ಮೇಲೆ ಹೇಳಿದ ದೊಡ್ಡ ಟೈರಿನಲ್ಲಿ, ಮೊದಲು ಸರಿಯಾಗಿದ್ದ ಮಾಪಕ 60 ಕಿ.ಮೀ. ತೋರಿಸುವಾಗ ನಿಜವಾದ ವೇಗ ಸುಮಾರು 62.5 ಕಿ.ಮೀ. ಆಗಿರುತ್ತದೆ. ಏರಿನಲ್ಲಿ ಎಳೆಯುವ ಶಕ್ತಿಯೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ.

ಕಾನೂನಿನ ಅಂಶಗಳು

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ₹5,000 ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಖಾಸಗಿ ವಾಹನದ ನೋಂದಣಿಯನ್ನು 15 ವರ್ಷಗಳ ನಂತರ ಐದು ವರ್ಷಗಳಿಗೊಮ್ಮೆ ನವೀಕರಿಸಬೇಕಾದ್ದರಿಂದ, ಹಳೆಯ ಜೀಪು ತಪಾಸಣೆಗೆ ಹೋಗಲೇಬೇಕು. ಆದುದರಿಂದ ಮೂಲ ಅಳತೆಯ ಸ್ಪ್ರಿಂಗ್ ಬದಲಾವಣೆಯನ್ನು ಮೀರಿದ ಯಾವುದೇ ಕೆಲಸಕ್ಕೆ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ತಿಳಿಸದ ಮಾರ್ಪಾಡು ಅಪಘಾತದ ನಂತರ ವಿಮಾ ಪರಿಹಾರಕ್ಕೆ ತೊಡಕಾಗಬಹುದು.

ಕೆಲಸ ಮಾಡಿಸಲು ಸೂಕ್ತ ಕಾಲ

ರೊಬಸ್ಟಾ ಕೊಯ್ಲು ಮುಗಿದ ಮೇಲೆ, ಏಪ್ರಿಲ್–ಮೇ ತಿಂಗಳಲ್ಲಿ ಕೆಲಸ ಮಾಡಿಸಿದರೆ ಮುಂಗಾರಿಗೆ ಮೊದಲು ಒಣ ರಸ್ತೆಯಲ್ಲಿ ಓಡಿಸಿ ನೋಡಲು ಅವಕಾಶ ಸಿಗುತ್ತದೆ. ಮೊದಲು ಖಾಲಿಯಾಗಿ, ನಂತರ ಅರ್ಧ ಭಾರದಲ್ಲಿ ಪರಿಚಿತ ದಾರಿಯಲ್ಲಿ ನಿಧಾನವಾಗಿ ಪರೀಕ್ಷಿಸಿ. ಜೀಪನ್ನು ಬೇರೆ ಚಾಲಕರೂ ಓಡಿಸುವುದಾದರೆ, ವಾಹನದ ಎತ್ತರ ಬದಲಾಗಿರುವುದನ್ನು ಮತ್ತು ಅಡ್ಡ ಇಳಿಜಾರಿನಲ್ಲಿ ವಹಿಸಬೇಕಾದ ಎಚ್ಚರವನ್ನು ಅವರಿಗೆ ತಪ್ಪದೆ ತಿಳಿಸಿ.

ಮುಖ್ಯಾಂಶಗಳು

• ಮೊದಲು ರಸ್ತೆಯನ್ನು ಸರಿಪಡಿಸಿ, ನಂತರ ಸೋತ ಸ್ಪ್ರಿಂಗ್‌ಗಳನ್ನು ಬದಲಿಸಿ. ಎತ್ತರಿಸುವ ಯೋಚನೆ ಕೊನೆಯದಾಗಿರಲಿ.
• ಸಸ್ಪೆನ್ಷನ್ ಎತ್ತರಿಸಿದರೆ ಡಿಫರೆನ್ಷಿಯಲ್ ಏರುವುದಿಲ್ಲ.
• ಮುಂಭಾಗಕ್ಕೆ ಬ್ಲಾಕ್ ಬೇಡ. ಒಟ್ಟು ಏರಿಕೆ 50 ಮಿ.ಮೀ. ಮೀರದಿರಲಿ.
• ಬ್ರೇಕ್ ಹೋಸ್, ಸ್ಟಿಯರಿಂಗ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ಪರೀಕ್ಷಿಸದೆ ವಾಹನವನ್ನು ಭಾರಕ್ಕೆ ಹಚ್ಚಬೇಡಿ.