ಹಳೆಯ ಗಣಕಕ್ಕೆ ಹೊಸ ಕಾರ್ಡು

ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗುವ ರೇಷ್ಮೆಗೂಡು ನೂಲಾಗಿ ಮಗ್ಗವನ್ನು ಸೇರುತ್ತದೆ. ಮಾಗಡಿ, ಕನಕಪುರ, ಚನ್ನಪಟ್ಟಣಗಳ ಹಿಪ್ಪುನೇರಳೆ ತೋಟಗಳಿಂದ ಹೊರಟ ಆ ಎಳೆ ಸೀರೆಯ ಸೆರಗಿನಲ್ಲಿ ನವಿಲಾಗಿಯೋ ಮಾವಿನಕಾಯಿಯಾಗಿಯೋ ಮೂಡಬೇಕಾದರೆ ನಡುವೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆಯೊಂದು ಬೇಕು. ಮಗ್ಗದ ಮೇಲೆ ಕೂರುವ ಜಕಾರ್ಡ್ ಪೆಟ್ಟಿಗೆ ಆ ಕಾರ್ಡುಗಳನ್ನು ಒಂದೊಂದಾಗಿ ಓದುತ್ತದೆ. ತೂತಿದ್ದ ಕಡೆ ಕೊಕ್ಕೆ ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಒಂದು ಕಾರ್ಡಿಗೆ ಒಂದು ಹೊಕ್ಕು. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ಬಳಕೆಗೆ ತಂದ ಈ ಏರ್ಪಾಡನ್ನು ಗಣಕಯಂತ್ರದ ಮುತ್ತಜ್ಜ ಎನ್ನುವುದುಂಟು. 1830ರ ದಶಕದಲ್ಲಿ ಚಾರ್ಲ್ಸ್ ಬ್ಯಾಬೇಜ್ ತನ್ನ ಕಲ್ಪನೆಯ ಲೆಕ್ಕದ ಯಂತ್ರಕ್ಕೆ ಆರಿಸಿಕೊಂಡದ್ದು ಇಂಥದೇ ಕಾರ್ಡು. ಅಮೆರಿಕದ 1890ರ ಜನಗಣತಿಯನ್ನು ಹರ್ಮನ್ ಹಾಲರಿತ್ ಎಣಿಸಿದ್ದೂ ತೂತಿನ ಕಾರ್ಡುಗಳಿಂದಲೇ.

ನೇಕಾರರಿಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ಸಂಗತಿಯನ್ನು ಗಣಕದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. 240 ಕೊಕ್ಕೆಯ ಜಕಾರ್ಡಿಗೆಂದು ಕತ್ತರಿಸಿದ ಕಾರ್ಡು 120 ಕೊಕ್ಕೆಯದಕ್ಕೆ ಬಾರದು. ಕಾರ್ಡು ಹರಿದಿಲ್ಲ, ಪೆಟ್ಟಿಗೆಯೂ ಕೆಟ್ಟಿಲ್ಲ. ಆದರೆ ಒಂದರ ಲೆಕ್ಕ ಇನ್ನೊಂದಕ್ಕೆ ಕೂಡುವುದಿಲ್ಲ, ಅಷ್ಟೆ. 1980ರ ದಶಕದ ಮನೆ ಗಣಕಗಳನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಮತ್ತೆ ಚಾಲೂ ಮಾಡಲು ಹೊರಟವರು ಇವತ್ತು ಎದುರಿಸುತ್ತಿರುವುದು ಇದೇ ತೊಡಕನ್ನು.

ಮನೆ ಗಣಕ ಎಂದರೆ ಟಿ.ವಿ.ಗೆ ತಗುಲಿಸಿ ಬಳಸುತ್ತಿದ್ದ, ಕೀಲಿಮಣೆಯೊಳಗೇ ಎಲ್ಲವನ್ನೂ ಅಡಗಿಸಿಟ್ಟುಕೊಂಡ ಅಗ್ಗದ ಯಂತ್ರ. ಬ್ರಿಟನ್ನಿನಲ್ಲಿ 1982ರಲ್ಲಿ ಸಿಂಕ್ಲೇರ್ ಸ್ಪೆಕ್ಟ್ರಂ ಬಂತು. ಅದರ ಮುಂದಿನ ಅವತಾರವಾದ ಸ್ಪೆಕ್ಟ್ರಂ ಪ್ಲಸ್ ಅನ್ನು ಆ ದಶಕದ ಕೊನೆಯಲ್ಲಿ ಡೆಸಿಬೆಲ್ಸ್ ಎಂಬ ಭಾರತೀಯ ಸಂಸ್ಥೆ ಇಲ್ಲಿಯೇ ಮಾರಿತು. ಆದರೆ ನಮ್ಮ ಮಕ್ಕಳು ಹೆಚ್ಚಾಗಿ ಕಂಡದ್ದು ಇನ್ನೊಂದನ್ನು. ಬಿ.ಬಿ.ಸಿ.ಯ ಗಣಕ ಸಾಕ್ಷರತಾ ಕಾರ್ಯಕ್ರಮಕ್ಕಾಗಿ ಕೇಂಬ್ರಿಜ್ಜಿನ ಏಕಾರ್ನ್ ಸಂಸ್ಥೆ 1981ರ ಡಿಸೆಂಬರಿನಲ್ಲಿ ಹೊರತಂದ ಬಿ.ಬಿ.ಸಿ. ಮೈಕ್ರೊ ಅದು. ಭಾರತ ಸರ್ಕಾರ 1984ರಲ್ಲಿ ಆರಂಭಿಸಿದ ‘ಕ್ಲಾಸ್’ ಯೋಜನೆಯಡಿ ಮೊದಲ ಹಂತದಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಇದೇ ಯಂತ್ರ ಹೋಯಿತು. ಅದರ ಸ್ಮೃತಿ 32 ಕಿಲೋಬೈಟು ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೂ ಅದು ಸಾಲದು. ವಿದ್ಯುತ್ತು ಹೋದರೆ ಅದೂ ಅಳಿಸಿಹೋಗುತ್ತಿತ್ತು. ಆದ್ದರಿಂದ ಬರೆದದ್ದನ್ನೆಲ್ಲ ಹೊರಗೆ ಎಲ್ಲಾದರೂ ಉಳಿಸಲೇಬೇಕಿತ್ತು.

ಮೊದಲಿಗೆ ಉಳಿಸಿದ್ದು ಹಾಡಿನ ಕ್ಯಾಸೆಟ್ಟಿನಲ್ಲಿ. ಭಾವಗೀತೆ ಕೇಳುತ್ತಿದ್ದ ಅದೇ ಟೇಪ್ ರೆಕಾರ್ಡರನ್ನು ತಂತಿಯಿಂದ ಗಣಕಕ್ಕೆ ಜೋಡಿಸಿದರೆ ಸಾಕು, ಅಂಕಿಗಳು ಕೀರಲು ದನಿಯಾಗಿ ಟೇಪಿನ ಮೇಲೆ ಕೂರುತ್ತಿದ್ದವು. ವೇಗ ಸೆಕೆಂಡಿಗೆ 1200 ಬಿಟ್. 20 ಕಿಲೋಬೈಟಿನ ಒಂದು ಪಾಠ ತೆರೆದುಕೊಳ್ಳಲು ಮೂರು ನಿಮಿಷವೇನೂ ಸಾಲದು. ಧ್ವನಿಯ ಗುಂಡಿ ತುಸು ಆಚೀಚೆಯಾದರೂ ಮತ್ತೆ ಮೊದಲಿಂದ. ಆ ಕಾಲದ ವಿದ್ಯಾರ್ಥಿಗಳಿಗೆ ಗಣಕ ಕಲಿಸಿದ ಮೊದಲ ಪಾಠ ತಾಳ್ಮೆಯದು ಎಂದರೆ ತಮಾಷೆಯಲ್ಲ.

ಫ್ಲಾಪಿ ಬಂದಾಗ ಎಲ್ಲರೂ ನಿಟ್ಟುಸಿರು ಬಿಟ್ಟರು. ನಿಜವಾದ ಗೊಂದಲ ಶುರುವಾದದ್ದೂ ಅಲ್ಲಿಂದಲೇ. ಐದೂಕಾಲು ಅಂಗುಲದ ಫ್ಲಾಪಿ ಹೊರನೋಟಕ್ಕೆ ಎಲ್ಲ ಒಂದೇ. ಒಳಗೆ ಮಾತ್ರ ಉಳುಮೆಯ ಸಾಲುಗಳಂತೆ ಸುತ್ತುಸುತ್ತಾಗಿ ಪಥಗಳಿರುತ್ತವೆ. ಕೆಲವು ಡ್ರೈವುಗಳು 40 ಪಥ ಬರೆಯುತ್ತಿದ್ದವು, ಕೆಲವು ಅಷ್ಟೇ ಜಾಗದಲ್ಲಿ 80. ಬಿ.ಬಿ.ಸಿ. ಮೈಕ್ರೊದಲ್ಲಿ ಮೊದಲನೆಯದರ ಒಂದು ಮಗ್ಗುಲಿಗೆ 100 ಕಿಲೋಬೈಟು ಹಿಡಿಸಿದರೆ ಎರಡನೆಯದಕ್ಕೆ 200. ಎಷ್ಟೇ ಜಾಗವಿದ್ದರೂ 31ಕ್ಕಿಂತ ಹೆಚ್ಚು ಕಡತ ಇಡುವಂತಿರಲಿಲ್ಲ. 80 ಪಥದ ಡ್ರೈವಿನ ತಲೆ ಸಣ್ಣದು, ಅದು ಗೀಚುವ ಗೆರೆಯೂ ಸಣ್ಣದು. 40 ಪಥದ ಫ್ಲಾಪಿಯನ್ನು ಅದು ಓದಬಲ್ಲದು, ಒಂದು ಬಿಟ್ಟು ಒಂದು ಸಾಲಿಗೆ ಹಾರಿದರಾಯಿತು. ಆದರೆ ಅದರ ಮೇಲೆ ಬರೆಯಹೊರಟರೆ ಅಗಲ ಸಾಲಿನ ನಡುವೆ ಸಪೂರ ಗೆರೆಯೊಂದು ಬೀಳುತ್ತದೆ. ಇಕ್ಕೆಲಗಳಲ್ಲಿ ಹಳೆಯ ಬರಹದ ಅಂಚು ಹಾಗೇ ಉಳಿದಿರುತ್ತದೆ. ಆ ಫ್ಲಾಪಿ ಮರಳಿ ಹಳೆಯ ಡ್ರೈವಿಗೆ ಹೋದರೆ ಅದರ ಅಗಲ ತಲೆಗೆ ಹೊಸದೂ ಹಳೆಯದೂ ಒಟ್ಟಿಗೇ ಕೇಳಿಸಿ ಯಾವುದೂ ತಿಳಿಯದೆ ಹೋಗುತ್ತದೆ.

ಇದು ಶಾಲೆಯ ಯಂತ್ರಗಳ ಕಥೆ ಮಾತ್ರವಲ್ಲ. ಐ.ಬಿ.ಎಂ. 1984ರಲ್ಲಿ ತನ್ನ ಎ.ಟಿ. ಮಾದರಿಯ ಜೊತೆ 1.2 ಮೆಗಾಬೈಟಿನ ಡ್ರೈವು ತಂದಾಗ, 360 ಕಿಲೋಬೈಟಿನ ಹಳೆಯ ಫ್ಲಾಪಿಗಳಿಗೂ ಇದೇ ಗತಿಯಾಯಿತು. ‘ನಮ್ಮಲ್ಲಿ ಓದಿತ್ತು, ನಿಮ್ಮಲ್ಲಿ ಓದುತ್ತಿಲ್ಲ’ ಎಂಬ ಜಗಳಗಳ ಹಿಂದೆ ಎಷ್ಟೋ ಸಲ ಇದ್ದದ್ದು ಈ ಸಪೂರ ಗೆರೆ.

ಹಾಗಾದರೆ ಪರೀಕ್ಷೆ ಎಲ್ಲಿಂದ ಶುರು ಮಾಡಬೇಕು? ಬಲ್ಲವರು ಫ್ಲಾಪಿಯನ್ನು ಮೊದಲು ಮುಟ್ಟುವುದೇ ಇಲ್ಲ. ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ನೋಡುತ್ತಾರೆ. ಬಿ.ಬಿ.ಸಿ. ಮೈಕ್ರೊದಲ್ಲಿ ಅಲ್ಲಿರುವ ಕೆಪಾಸಿಟರುಗಳು ವರ್ಷಗಳ ನಂತರ ಏಕಾಏಕಿ ಹೊಗೆ ಬಿಡುವುದಕ್ಕೆ ಹೆಸರುವಾಸಿ. ಆಮೇಲೆ ಡ್ರೈವಿನ ತಲೆಯನ್ನು ಒರೆಸುತ್ತಾರೆ. ತೇವದ ಕೋಣೆಯಲ್ಲಿ ಇಟ್ಟ ಫ್ಲಾಪಿಗೆ ಬೂಷ್ಟು ಹಿಡಿದಿರುತ್ತದೆ, ಅದನ್ನು ಹಾಗೇ ತಿರುಗಿಸಿದರೆ ತಲೆ ಬೂಷ್ಟಿನ ಜೊತೆ ಕಾಂತದ ಲೇಪವನ್ನೂ ಕೆರೆದು ಹಾಕುತ್ತದೆ. ಬೆಲೆಯಿಲ್ಲದ ಫ್ಲಾಪಿಯೊಂದನ್ನು ಮೊದಲು ಬಲಿ ಕೊಟ್ಟು ಡ್ರೈವು ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ ಅಸಲಿಯ ಸರದಿ. ಅದನ್ನು ಒಮ್ಮೆ ಪೂರ್ತಿ ನಕಲು ಮಾಡಿಕೊಂಡು, ಮುಂದಿನ ಕೆಲಸವೆಲ್ಲ ನಕಲಿನ ಮೇಲೆ.

ನಕಲು ಮಾಡಿಡುವುದಾದರೂ ಎಲ್ಲಿ? ಇಲ್ಲಿ ಕ್ಯಾಮೆರಾದ ಎಸ್.ಡಿ. ಕಾರ್ಡು ಪ್ರವೇಶಿಸುತ್ತದೆ. ಹಳೆಯ ಯಂತ್ರದ ಬೆನ್ನಿಗೆ ಸಣ್ಣ ಹಲಗೆಯೊಂದನ್ನು ಸಿಕ್ಕಿಸಿ, ಅದರಲ್ಲಿ ಕಾರ್ಡಿಟ್ಟು, ಗಣಕಕ್ಕೆ ‘ಇದೇ ನಿನ್ನ ಫ್ಲಾಪಿ’ ಎಂದು ನಂಬಿಸುವ ಉಪಾಯವನ್ನು ಹವ್ಯಾಸಿಗಳು ಕಂಡುಕೊಂಡಿದ್ದಾರೆ. ಬಿ.ಬಿ.ಸಿ. ಮೈಕ್ರೊಗೆ ಮಾಡಿದ ಇಂಥ ತಂತ್ರಾಂಶವೊಂದು 511 ಫ್ಲಾಪಿಗಳನ್ನು ಒಂದೇ ಕಡತವಾಗಿ ಕಾರ್ಡಿನಲ್ಲಿ ಇಡುತ್ತದೆ. ಎಲ್ಲ ಸೇರಿ 100 ಮೆಗಾಬೈಟು. ಆ ಕಡತ ಕಾರ್ಡಿನಲ್ಲಿ ತುಂಡುತುಂಡಾಗದೆ ಉದ್ದಕ್ಕೆ ಒಂದೇ ಪಟ್ಟಿಯಾಗಿ ಇರಬೇಕು. ಮೊದಲ ಸೆಕ್ಟರು ಎಲ್ಲಿದೆ ಎಂದಷ್ಟೇ ತಿಳಿದುಕೊಂಡು ಅಲ್ಲಿಂದ ಎಣಿಸುತ್ತ ಹೋಗುವ ಬಡ ತಂತ್ರಾಂಶ ಅದು. ಬಳಸಿದ ಕಾರ್ಡಿಗಿಂತ ಆಗತಾನೆ ಫಾರ್ಮ್ಯಾಟ್ ಮಾಡಿದ ಕಾರ್ಡು ಲೇಸು ಎನ್ನುವುದು ಇದಕ್ಕೇ.

ಕಾರ್ಡು ದೊಡ್ಡದಾದಷ್ಟೂ ಒಳ್ಳೆಯದು ಎಂದುಕೊಂಡು ಅಂಗಡಿಗೆ ಹೋದವರು ಸೋತು ಬರುತ್ತಾರೆ. 1999ರಲ್ಲಿ ಪ್ರಕಟವಾದ ಮೂಲ ಎಸ್.ಡಿ. ಕಾರ್ಡಿನ ಗರಿಷ್ಠ ಅಳತೆ 2 ಗಿಗಾಬೈಟು. 2006ರ ಹೊಸ ನಿಯಮದಲ್ಲಿ ಅದು 32ಕ್ಕೆ ಏರಿತು. ಆದರೆ ಏರಿಸುವಾಗ ಎಣಿಕೆಯ ರೀತಿಯೇ ಬದಲಾಯಿತು. ಹಳೆಯ ಕಾರ್ಡು ಜಾಗವನ್ನು ಬೈಟಿನಲ್ಲಿ ಎಣಿಸಿದರೆ ಹೊಸದು 512 ಬೈಟಿನ ಕಟ್ಟುಗಳಲ್ಲಿ ಎಣಿಸುತ್ತದೆ. 40 ಗುಂಟೆ ಎಂದು ಹೇಳಿದ್ದನ್ನು 40 ಎಕರೆ ಎಂದು ಅಳೆದುಕೊಟ್ಟಂತೆ! ಈ ವ್ಯತ್ಯಾಸ ತಿಳಿಯದ ಮೊದಲ ತಂತ್ರಾಂಶಗಳು ಕೇಳಿದ್ದೊಂದು, ಕಾರ್ಡು ಕೊಟ್ಟದ್ದು ಇನ್ನೊಂದು. ಆಮೇಲಿನವು ‘ನೀನು ಯಾವ ಜಾತಿಯ ಕಾರ್ಡು’ ಎಂದು ಮೊದಲು ವಿಚಾರಿಸಿ ಮುಂದುವರಿಯುತ್ತವೆ. ಜೊತೆಗೆ ವೋಲ್ಟೇಜಿನ ಪ್ರಶ್ನೆಯಿದೆ. ಹಳೆಯ ಗಣಕ ಮಾತಾಡುವುದು 5 ವೋಲ್ಟಿನಲ್ಲಿ, ಕಾರ್ಡು ಕೇಳುವುದು 3.3 ವೋಲ್ಟಿನಲ್ಲಿ. ನಡುವಿನ ಹಲಗೆ ಇದನ್ನು ತಗ್ಗಿಸದಿದ್ದರೆ ಕಾರ್ಡು ಸುಟ್ಟೀತು. ಇಷ್ಟೆಲ್ಲ ಸರಿಯಿದ್ದೂ ಒಂದು ಕಂಪನಿಯ ಕಾರ್ಡು ಎದ್ದು ಕೂರುತ್ತದೆ, ಇನ್ನೊಂದರದು ಏಳುವುದೇ ಇಲ್ಲ. ಆದ್ದರಿಂದಲೇ ಹವ್ಯಾಸಿಗಳು ನಾಲ್ಕಾರು ಕಾರ್ಡು ತಂದು ಒಂದೊಂದನ್ನೇ ಹಾಕಿ, ಕಡತ ಬರೆದು, ಓದಿ, ಯಂತ್ರ ಆರಿಸಿ ಮತ್ತೆ ಓದಿ, ಪಟ್ಟಿ ಮಾಡಿಡುತ್ತಾರೆ. ಬೇರೆಯವರಿಗೆ ಹುಚ್ಚಾಟ ಎನಿಸಿದರೂ ಆ ಪಟ್ಟಿಗಳಿಗೆ ಬೆಲೆಯಿದೆ.

ಬೆಲೆ ಏಕೆಂದರೆ ಈ ಪರೀಕ್ಷೆ ಬರಿಯ ಆಟಗಳನ್ನು ಉಳಿಸುವುದಕ್ಕಲ್ಲ. ಕನ್ನಡದ ಬರಹ ಅಚ್ಚುಮೊಳೆಯಿಂದ ಗಣಕಕ್ಕೆ ದಾಟಿದ ಕಾಲವೂ ಫ್ಲಾಪಿಯ ಕಾಲವೇ. ಊರಿನ ಜಾತ್ರೆಯ ಸ್ಮರಣ ಸಂಚಿಕೆ, ಸಹಕಾರ ಸಂಘದ ವರದಿ, ಶಾಲೆಯ ಬೆಳ್ಳಿಹಬ್ಬದ ಪುಸ್ತಕ ಇಂಥವನ್ನು ಡಿ.ಟಿ.ಪಿ. ಅಂಗಡಿಯಲ್ಲಿ ಜೋಡಿಸಿ, ಫ್ಲಾಪಿಗೆ ಹಾಕಿಕೊಂಡು, ಜೇಬಿನಲ್ಲಿಟ್ಟು ಬೆಂಗಳೂರಿನ ಮುದ್ರಣಾಲಯಕ್ಕೆ ಬಸ್ ಹತ್ತುವುದು ಸುತ್ತಲಿನ ಊರುಗಳಿಗೆ ಆಗ ಹೊಸ ರೂಢಿ. ಪುಸ್ತಕದ ಪ್ರತಿ ಕಳೆದುಹೋಗಿದ್ದರೆ ಆ ಫ್ಲಾಪಿಯೇ ಕೊನೆಯ ಸಾಕ್ಷಿ. ಚನ್ನಪಟ್ಟಣದ ಬೊಂಬೆಯನ್ನು ನೂರು ವರ್ಷದ ನಂತರವೂ ಕೈಗೆತ್ತಿಕೊಂಡು ನೋಡಬಹುದು. ಫ್ಲಾಪಿಗೆ ಆ ಭಾಗ್ಯವಿಲ್ಲ.

ಫ್ಲಾಪಿ ಓದಿತು ಎಂದ ಮಾತ್ರಕ್ಕೆ ಕನ್ನಡ ಓದಿತು ಎಂದೂ ಅಲ್ಲ. ಭಾರತೀಯ ಲಿಪಿಗಳಿಗೆ ಇಸ್ಕಿ ಎಂಬ ಸಂಕೇತ ವ್ಯವಸ್ಥೆಯನ್ನು 1991ರಲ್ಲಿ ರಾಷ್ಟ್ರೀಯ ಮಾನಕವೆಂದು ಒಪ್ಪಲಾಯಿತು. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡ ಸೇರಿದ್ದೂ ಅದೇ ವರ್ಷ. ಆದರೂ ಡಿ.ಟಿ.ಪಿ. ಅಂಗಡಿಗಳು ನಡೆದದ್ದು ಫಾಂಟುಗಳ ಒಳಸಂಕೇತದ ಮೇಲೆ. 1998ರ ಬರಹ, ಆನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಜನಪ್ರಿಯವಾದಾಗಲೂ ಬಹುಕಾಲ ಹಾಗೆಯೇ ನಡೆಯಿತು. ಅಲ್ಲಿ ಉಳಿದಿರುವುದು ಅಕ್ಷರವಲ್ಲ, ಅಕ್ಷರದ ಆಕಾರದ ತುಣುಕುಗಳು. ತಕ್ಕ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ತಲೆಯ ಮೇಲೆ ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಹಾಳಾಗಿದೆ ಎಂದುಕೊಂಡು ಅಳಿಸಿದವರು ಎಷ್ಟು ಮಂದಿಯೋ! ಯಾವ ಫಾಂಟು ಎಂದು ಗೊತ್ತಾದರೆ ಪರಿವರ್ತಕ ತಂತ್ರಾಂಶಗಳ ಮೂಲಕ ಅದನ್ನು ಯೂನಿಕೋಡಿಗೆ ತರಬಹುದು.

ಇದೇ ನಾಲ್ಕು ತಾಲ್ಲೂಕುಗಳ ಪಹಣಿಯ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬಹುದು. ಅವು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿದ್ದಾಗಲೇ, 2000ದ ಆಸುಪಾಸಿನಲ್ಲಿ, ‘ಭೂಮಿ’ ಯೋಜನೆ ಕೈಬರಹದ ಪಹಣಿಯನ್ನು ಗಣಕಕ್ಕೆ ಏರಿಸಿತು. ಆ ದಾಖಲೆ 2007ರಲ್ಲಿ ರಾಮನಗರ ಜಿಲ್ಲೆಯಾದಾಗಲೂ ಇತ್ತು, 2025ರಲ್ಲಿ ಸರ್ಕಾರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ತೀರ್ಮಾನಿಸಿದಾಗಲೂ ಇತ್ತು. ದಿನವೂ ಯಾರಿಗಾದರೂ ಬೇಕಾಗುವ ಕಾಗದವಾದ್ದರಿಂದ ಯಂತ್ರ ಬದಲಾದಾಗಲೆಲ್ಲ ಅದನ್ನು ಹೊತ್ತು ದಾಟಿಸುವ ಇಲಾಖೆಯಿತ್ತು. ಸ್ಮರಣ ಸಂಚಿಕೆಗೆ ಅಂಥ ಇಲಾಖೆಯಿಲ್ಲ.

ಫ್ಲಾಪಿ ತಯಾರಿಕೆಯನ್ನು ಸೋನಿ ಸಂಸ್ಥೆ 2011ರಲ್ಲಿ ನಿಲ್ಲಿಸಿತು. ಮೂರೂವರೆ ಅಂಗುಲದ್ದನ್ನು ಓದುವ ಯು.ಎಸ್.ಬಿ. ಡ್ರೈವುಗಳು ಇಂದಿಗೂ ಸಿಗುತ್ತವೆ. ಐದೂಕಾಲು ಅಂಗುಲದ್ದಕ್ಕೆ ಹಳೆಯ ಡ್ರೈವನ್ನೇ ಹುಡುಕಿ, ಗ್ರೀಸ್‌ವೀಸಲ್‌ನಂಥ ಹಲಗೆಯ ಮೂಲಕ ಇಂದಿನ ಗಣಕಕ್ಕೆ ಜೋಡಿಸಬೇಕು. ಇದು ಫ್ಲಾಪಿಯ ಮೇಲಿನ ಕಾಂತದ ಏರಿಳಿತವನ್ನೇ ಹಾಗೆಹಾಗೇ ದಾಖಲಿಸಿಕೊಳ್ಳುತ್ತದೆ, ಅರ್ಥ ಬಿಡಿಸುವುದು ಆಮೇಲೆ. ಬಿ.ಬಿ.ಸಿ. ಮೈಕ್ರೊದ ಫ್ಲಾಪಿಗಳಿಗಂತೂ ಇದು ಬೇಕೇ ಬೇಕು. ಅದರ ಬರೆಯುವ ಪದ್ಧತಿ ಬೇರೆಯಾದ್ದರಿಂದ, ಡ್ರೈವಿನಲ್ಲಿ ಸಲೀಸಾಗಿ ಕೂತರೂ ಸಾಮಾನ್ಯ ಪಿ.ಸಿ.ಗಳು ಹೆಚ್ಚಾಗಿ ಅದನ್ನು ಓದಲಾರವು.

ಮನೆಯ ಬೀರುವಿನಲ್ಲಿ ಇಂಥದೊಂದು ಸಿಕ್ಕರೆ ಡ್ರೈವಿಗೆ ಹಾಕುವ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಐದೂಕಾಲು ಅಂಗುಲದ್ದಾದರೆ ಅಂಚಿನ ಚೌಕ ಕಚ್ಚಿನ ಮೇಲೆ ಅಂಟುಪಟ್ಟಿ ಹಚ್ಚಿದರೆ ಅದರ ಮೇಲೆ ಯಾರೂ ಬರೆಯಲಾಗುವುದಿಲ್ಲ. ಮೂರೂವರೆ ಅಂಗುಲದ್ದರಲ್ಲಿ ಇದು ತಿರುಗುಮುರುಗು: ಮೂಲೆಯ ಕಿಂಡಿ ತೆರೆದಿದ್ದರೆ ಭದ್ರ, ಮುಚ್ಚಿದ್ದರೆ ಅಳಿಸಿಹೋಗುವ ಅಪಾಯವಿದೆ.