ಕಾವು ಕೂತ ಕೋಳಿಯಿಂದ ಕರೆಂಟ್ ಡಬ್ಬದ ತನಕ

ಹೋದ ತಿಂಗಳು ಕೊರಟಗೆರೆಯಿಂದ ಚಿಕ್ಕಮ್ಮ ಬಂದಿದ್ರು. ಅಡಿಗೆಮನೆ ಮೂಲೇಲಿ ಕೂತಿದ್ದ ಬಿಳೀ ಥರ್ಮೋಕೋಲ್ ಡಬ್ಬ ನೋಡಿ, "ಇದೇನೆ, ಐಸ್‌ಕ್ರೀಮ್ ಮಾರೋಕೆ ಶುರು ಮಾಡ್ಕಂಡ್ಯಾ?" ಅಂದ್ರು. ಮುಚ್ಚಳದ ಕಿಂಡೀಲಿ ಬಗ್ಗಿ ನೋಡಿದ್ರೆ ಒಳಗೆ ಮೂವತ್ತು ಮೊಟ್ಟೆ. "ಅಯ್ಯೋ, ಕೋಳಿ ಇಲ್ದಂಗೆ ಮರಿ ಮಾಡಿಸ್ತೀಯೇನೆ? ಎಂಥಾ ಕಾಲ ಬಂತವ್ವ!" ಅಂತ ಬಾಯಿ ಮೇಲೆ ಕೈ ಇಟ್ಕಂಡ್ರು.

"ಇದು ಈಗಿನ ಕಾಲದ್ದಲ್ಲ ಚಿಕ್ಕಮ್ಮ, ಎರಡು ಸಾವಿರ ವರ್ಷದ ಹಳೇದು" ಅಂದೆ. ನಂಬಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಹೊರಟುಬಿಟ್ರು. ಅವತ್ತು ಬಾಯಲ್ಲಿ ಹೇಳೋಕಾಗದೇ ಇದ್ದಿದ್ದನ್ನ ಇಲ್ಲಿ ಬರೀತಾ ಇದ್ದೀನಿ. ಚಿಕ್ಕಮ್ಮನೂ ಓದ್ಲಿ, ನೀವೂ ಓದಿ.

ಮೊದಲು ನಮ್ಮಜ್ಜಿ ವಿಷಯ. ನನ್ನ ತವರು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಸುತ್ತ ಆಂಧ್ರ, ನಡುವೆ ನಾವು. ಮನೆ ಮಾತು ಕನ್ನಡ, ಬೀದಿ ಮಾತು ತೆಲುಗು. ಹುಂಜಕ್ಕೆ ಅಜ್ಜಿ ಪುಂಜು ಅಂತಲೇ ಅಂತಿತ್ತು, ಹ್ಯಾಟೆಗೆ ಪೆಟ್ಟ ಅಂತಿತ್ತು. ಕೋಳಿ ಹತ್ತು ಹನ್ನೆರಡು ಮೊಟ್ಟೆ ಇಟ್ಟು, ಒಂದಿನ ಜಾಗ ಬಿಟ್ಟು ಏಳದೆ ರೆಕ್ಕೆ ಕೆದರ್ಕಂಡು "ಕೊರ್ರ್" ಅಂತು ಅಂದ್ರೆ, ಅದು ಕಾವಿಗೆ ಬಂತು ಅಂತ ಲೆಕ್ಕ. ಹಳೇ ಮಂಕ್ರಿ ತಳಕ್ಕೆ ಒಲೆ ಬೂದಿ, ಅದರ ಮೇಲೆ ರಾಗಿ ಹುಲ್ಲು. ಬೂದಿ ಯಾಕೆ ಅಂದ್ರೆ ಕೋಳಿ ಹೇನು ಹತ್ತಬಾರ್ದು. ಮೊಟ್ಟೆ ಯಾವಾಗ್ಲೂ ಬೆಸ ಲೆಕ್ಕ: ಒಂಬತ್ತು, ಹನ್ನೊಂದು, ಹದಿಮೂರು. ಪಕ್ಕಕ್ಕೆ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು, ಗುಡುಗಿಗೆ ಮೊಟ್ಟೆ ಕೆಡದೇ ಇರ್ಲಿ ಅಂತ. ಗುಡುಗಿಗೂ ಕಬ್ಬಿಣಕ್ಕೂ ಏನು ನಂಟು ಅಂತ ಕೇಳಿದ್ರೆ ಅಜ್ಜಿ "ನಿಮ್ಮಮ್ಮನ್ನ ಕೇಳು" ಅಂತಿತ್ತು. ಅಮ್ಮನ್ನ ಕೇಳಿದ್ರೆ "ಅಜ್ಜೀನೇ ಕೇಳು" ಅಂತಿದ್ರು.

ಏಳು ದಿನ ಆದ ಮೇಲೆ, ಮಾಳಿಗೆ ಗವಾಕ್ಷಿಯಿಂದ ಬೀಳೋ ಬಿಸಿಲಿಗೆ ಒಂದೊಂದೇ ಮೊಟ್ಟೆ ಹಿಡಿದು ನೋಡ್ತಿತ್ತು. ಒಳಗೆ ಕೆಂಪು ನರ ಜೇಡನ ಬಲೆ ಥರ ಕಂಡ್ರೆ ಮರಿ ಕಟ್ಟಿದೆ. ಬರೀ ತಿಳಿಯಾಗಿದ್ರೆ ಗೊಡ್ಡು ಮೊಟ್ಟೆ, ತೆಗೆದುಬಿಡು. ಮೊಟ್ಟೆ ಎಷ್ಟು ಬೆಚ್ಚಗಿದೆ ಅಂತ ನೋಡೋಕೆ ಅದನ್ನ ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ಕಂತಿತ್ತು. "ಕೈ ಕಳೆ ಕಿತ್ತು ಗಡಸಾಗೈತೆ ಕಣೆ, ಅದಕ್ಕೆ ಬಿಸಿ ತಿಳಿಯಲ್ಲ. ಕಣ್ಣಿಗೆ ತಿಳೀತೈತೆ" ಅಂತಿತ್ತು. ಈ ಮಾತು ನೆನಪಲ್ಲಿ ಇಟ್ಕಂಡಿರಿ, ಆಮೇಲೆ ಬೇಕಾಗುತ್ತೆ.

ಕೋಳಿ ಅಂದ್ರೆ ಆಗ ಮನೆ ಹೆಂಗಸಿನ ದುಡ್ಡು. ಕಡ್ಲೆಕಾಯಿ ದುಡ್ಡು ಗಂಡಸ್ರ ಜೇಬಿಗೆ ಹೋಗೋದು, ಮೊಟ್ಟೆ ದುಡ್ಡು ಸಾಸ್ವೆ ಡಬ್ಬಕ್ಕೆ ಬರೋದು. ಕೋಳಿ ಇಲ್ಲದ ಮನೆಗೆ ಅಜ್ಜಿ ಒಂದು ಹ್ಯಾಟೆ ಪಾಲಿಗೆ ಕೊಡ್ತಿತ್ತು. ಮರಿ ಮಾಡಿಸಿ ಸಾಕೋದು ಅವ್ರು, ದೊಡ್ಡವಾದ ಮೇಲೆ ಅರ್ಧ ಅವ್ರಿಗೆ, ಅರ್ಧ ನಮಗೆ. ಹಂಗೆ ಒಂದು ಪೆಟ್ಟ ಕೇರಿಯ ಎಷ್ಟೋ ಮನೆಗೆ ಬಿತ್ತನೆ ಆಗೋದು. ನನ್ನ ಹೈಸ್ಕೂಲ್ ಫೀಸು ಆ ಡಬ್ಬದಿಂದಲೇ ಬಂದಿದ್ದು, ಅಪ್ಪನಿಗೆ ಅದು ಗೊತ್ತೂ ಇರಲಿಲ್ಲ.

ಈಗ ದೂರದ ಕಥೆ. ಕೋಳಿ ಇಲ್ಲದೆ ಮರಿ ಮಾಡಿಸೋದನ್ನ ಈಜಿಪ್ಟ್ ದೇಶದೋರು ಕ್ರಿಸ್ತ ಹುಟ್ಟೋಕೆ ಮುಂಚಿನಿಂದ ಮಾಡ್ತಿದ್ರು. ಗ್ರೀಕ್ ದೇಶದ ಅರಿಸ್ಟಾಟಲ್, ಅಲ್ಲಿ ಮೊಟ್ಟೇನ ಗೊಬ್ಬರದ ಕಾವಲ್ಲಿ ಇಟ್ಟು ಮರಿ ಮಾಡಿಸ್ತಾರೆ ಅಂತ ಬರೆದಿದ್ದಾನೆ. ಆಮೇಲೆ ಅಲ್ಲಿ ಮಣ್ಣಿನ ಇಟ್ಟಿಗೆಯ ದೊಡ್ಡ ಒಲೆಮನೆಗಳೇ ಎದ್ದವು. ನಡುವೆ ಓಡಾಡೋ ದಾರಿ, ಎರಡೂ ಕಡೆ ಎರಡೆರಡು ಅಂತಸ್ತಿನ ಗೂಡು. ಕೆಳಗಡೆ ಸಾವಿರಗಟ್ಟಲೆ ಮೊಟ್ಟೆ, ಮೇಲ್ಗಡೆ ಹುಲ್ಲು ಸಗಣಿಯ ಸಣ್ಣ ಬೆಂಕಿ. ಆಳು ಒಳಕ್ಕೆ ತೆವಳಿ ಹೋಗಿ ಕೈಯಲ್ಲೇ ಮೊಟ್ಟೆ ಮಗುಚಬೇಕು. ಥರ್ಮಾಮೀಟರ್ ಇಲ್ಲ. ಬಿಸಿ ಹೆಂಗೆ ನೋಡ್ತಿದ್ರು ಗೊತ್ತಾ? ಮೊಟ್ಟೇನ ಕಣ್ಣಿನ ರೆಪ್ಪೆಗೆ ಒತ್ಕಂಡು! ಇದನ್ನ ಓದಿದ ದಿನ ನಾನು ಫೋನ್ ಕೆಳಗಿಟ್ಟು ಸುಮ್ನೆ ಕೂತ್ಬಿಟ್ಟೆ. ಪಾವಗಡ ಬಿಟ್ಟು ತುಮಕೂರನ್ನೂ ಸರಿಯಾಗಿ ನೋಡದ ನಮ್ಮಜ್ಜಿಗೆ ಈಜಿಪ್ಟಿನೋರ ಲೆಕ್ಕ ಗೊತ್ತಿತ್ತು.

ಫ್ರಾನ್ಸಲ್ಲಿ ರೆಯೋಮೂರ್ ಅಂತ ಒಬ್ಬ ವಿಜ್ಞಾನಿ. ಥರ್ಮಾಮೀಟರಿಗೆ ತನ್ನದೇ ಒಂದು ಅಳತೆ ಮಾಡಿದೋನು. ಅವನು ಈ ಈಜಿಪ್ಟ್ ವಿದ್ಯೆ ಹಿಂದೆ ಬಿದ್ದು, ಕುದುರೆ ಲದ್ದಿಯ ಕಾವಲ್ಲಿ ಮೊಟ್ಟೆ ಇಟ್ಟು ನೋಡಿ, 1749ರಲ್ಲಿ ಪುಸ್ತಕ ಬರೆದ. 1879ರ ಹೊತ್ತಿಗೆ ಅಮೆರಿಕದ ಪೆಟಲೂಮಾ ಅನ್ನೋ ಊರಲ್ಲಿ ಲೈಮನ್ ಬೈಸ್ ಅನ್ನೋನು ದೀಪದ ಬಿಸಿಯಲ್ಲಿ ನಡೆಯೋ ಪೆಟ್ಟಿಗೆ ಮಾಡಿದ. ಆ ಊರಿಗೆ ಲೋಕದ ಮೊಟ್ಟೆ ಬುಟ್ಟಿ ಅನ್ನೋ ಹೆಸರೇ ಬಂತು. ಇನ್ನೊಂದು ಸಂಗತಿ: ಮರಿ ಒಡೆದು ಬರೋ ಮುಂಚೆ ಮೊಟ್ಟೆಯ ಹಳದೀನ ಹೊಟ್ಟೆಯೊಳಕ್ಕೆ ಎಳ್ಕಂಡಿರುತ್ತೆ. ಅದಕ್ಕೇ ಎರಡು ಮೂರು ದಿನ ಕಾಳು ನೀರು ಇಲ್ಲದಿದ್ರೂ ಬದುಕುತ್ತೆ. ಇದನ್ನ ನಂಬಿ 1918ರಿಂದ ಅಮೆರಿಕದಲ್ಲಿ ಕೋಳಿಮರೀನ ಅಂಚೆಯಲ್ಲೇ ಕಳಿಸೋಕೆ ಬಿಟ್ರು. ಒಂದಿನದ ಮರಿ ಪೆಟ್ಟಿಗೇಲಿ ಮನೆಬಾಗಿಲಿಗೆ ಬಂದ ಮೇಲೆ ಕಾವು ಕೂರ್ಸೋ ತಾಪತ್ರಯ ಯಾರಿಗೆ ಬೇಕು? ಮರಿ ಮಾಡಿಸೋ ಕೆಲ್ಸ ಮನೆ ಬಿಟ್ಟು ಹ್ಯಾಚರಿಗೆ ಹೋಯ್ತು.

ಅದರ ಜೊತೆಗೆ ಇನ್ನೊಂದೂ ಹೋಯ್ತು. ಕಾವು ಕೂತ ಕೋಳಿ ಮೊಟ್ಟೆ ಇಡಲ್ಲ. ಇಪ್ಪತ್ತೊಂದು ದಿನ ಕಾವು, ಆಮೇಲೆ ಮರಿ ಕಟ್ಕಂಡು ತಿರುಗಾಟ, ಎರಡು ಮೂರು ತಿಂಗಳು ನಷ್ಟ. ಮೊಟ್ಟೆ ಎಣಿಸೋರಿಗೆ ಅದು ಬೇಡ. ಅದಕ್ಕೆ ಕಾವು ಕೂರದ ಕೋಳೀನೇ ಆರಿಸಿ ಆರಿಸಿ ಪೀಳಿಗೆ ಮಾಡಿದ್ರು. ಫಾರಂ ಬಿಳಿ ಕೋಳಿ ಲೆಗಾರ್ನ್‌ಗೆ ಇವತ್ತು ಕಾವು ಅಂದ್ರೇನು ಅಂತಲೇ ಮರೆತು ಹೋಗಿದೆ.

ನಮ್ಮ ಕಡೆಗೆ ಈ ಹೊಸ ಕೋಳಿ ಬಂದಿದ್ದು ಬೆಂಗಳೂರಿನಿಂದ. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆ ಇದೆ. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದೋರು 1980ರ ದಶಕದಲ್ಲಿ ಗಿರಿರಾಜ ತಳಿ ಮಾಡಿದ್ರು. ಬಣ್ಣಬಣ್ಣದ ಪುಕ್ಕ, ದಪ್ಪ ಮೈ, ಹಿತ್ತಲಲ್ಲೇ ಮೇಯ್ಕಂಡು ಬದುಕುತ್ತೆ. ನಾಟಿ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ರೆ ಇದು 130ರಿಂದ 150. ಆಮೇಲೆ ಸ್ವರ್ಣಧಾರ ಅಂತ ಇನ್ನೊಂದು ತಳಿ ಬಂತು. ಒಳ್ಳೇ ಕೆಲ್ಸವೇ, ಇಲ್ಲ ಅನ್ನಲ್ಲ. ಎಷ್ಟೋ ಮನೇಲಿ ಮಕ್ಕಳು ಮೊಟ್ಟೆ ತಿನ್ನಂಗಾಗಿದ್ದು ಅದರಿಂದ. ಆದ್ರೆ ಗಿರಿರಾಜ ಕಾವು ಕೂರಲ್ಲ. ಅದರ ಮೊಟ್ಟೆ ಮರಿ ಮಾಡಿಸಿದ್ರೂ ಮರಿಗೆ ತಾಯಿ ಗುಣ ಪೂರ್ತಿ ಬರಲ್ಲ. ಹಂಗಾಗಿ ಪ್ರತಿ ಸಲ ಮರಿ ಕೊಂಡೇ ತರಬೇಕು.

ನಮ್ಮನೇಲಿ ಏನಾಯ್ತು ಅಂದ್ರೆ, ಗಿರಿರಾಜ ಬಂದ ಮೇಲೆ ನಾಟಿ ಹ್ಯಾಟೆಗಳು ದಂಡ ಅನ್ನಿಸಿದ್ವು. ಕಾವಿಗೆ ಬಂದ ಕೋಳೀನ ತಣ್ಣೀರಲ್ಲಿ ಅದ್ದಿ ಅದ್ದಿ ಕಾವು ಬಿಡಿಸಿದ್ವಿ. ಅದೂ ಬೇಜಾರಾಗಿ ಒಂದೊಂದೇ ಮಾರಿದ್ವಿ. ಅಜ್ಜಿ "ಬಿತ್ತನೆ ಮಾರಬ್ಯಾಡ್ರೇ" ಅಂತು. ಯಾರೂ ಕಿವಿಗೆ ಹಾಕ್ಕಳಲಿಲ್ಲ. ಒಂದು ಬೇಸಿಗೇಲಿ ಕೊಕ್ಕರೆ ರೋಗ ಬಂದು ಉಳಿದವೂ ಹೋದ್ವು. ಪಾಲಿಗೆ ಕೊಡೋಕೆ ಮನೇಲಿ ಒಂದು ಪೆಟ್ಟ ಉಳೀಲಿಲ್ಲ. ಸಾಸ್ವೆ ಡಬ್ಬದಲ್ಲಿ ಸಾಸ್ವೆ ಮಾತ್ರ ಉಳೀತು.

ಅದಕ್ಕೇ ಹೋದ ವರ್ಷ, ಮಧುಗಿರಿ ಈ ಮನೇಲಿ, ಸಂಘದ ಸಾಲ ತಗಂಡು ಈ ಡಬ್ಬ ತರಿಸಿದೆ. ಊರೂರು ಕೇಳಿ ನಾಟಿ ಮೊಟ್ಟೆ ಕೂಡಿಸಿದೆ. ಮೊದಲನೇ ಸಲ ಎಲ್ಲಾ ಸರಿ ಇತ್ತು. ಹದಿಮೂರನೇ ದಿನ ನಾವೆಲ್ಲ ಮದುವೆಗೆ ಹೋಗಿದ್ವಿ. ರಾತ್ರಿಯೆಲ್ಲ ಕರೆಂಟ್ ಇಲ್ಲ. ಬಂದು ಮುಚ್ಚಳ ತೆಗೆದ್ರೆ ಮೊಟ್ಟೆ ಕಲ್ಲಿನಂಗೆ ತಣ್ಣಗೆ. ಒಂದೂ ಉಳೀಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ ಹಾಕಿದೆ. ನಗು ಬರೋ ಮಾತು ಅಂದ್ರೆ, ನಮ್ಮ ತವರ ಕಡೆ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಹಲಗೆ ಹಾಸವ್ರೆ. 2018ರಲ್ಲಿ ಶುರುವಾಗಿ ಮುಂದಿನ ವರ್ಷಕ್ಕೆ 2,050 ಮೆಗಾವಾಟ್ ಆಯ್ತು. ಅಷ್ಟು ಕರೆಂಟ್ ಬೆಳೆಯೋ ಸೀಮೆಯ ಹೆಣ್ಣುಮಗಳು ನಾನು, ಒಂದು ಬಲ್ಬಿನ ಬಿಸಿ ಇಲ್ಲದೆ ಮೂವತ್ತು ಮರಿ ಕಳಕಂಡೆ.

ಎರಡನೇ ಸಲ ಒಂಬತ್ತನೇ ದಿನ, ರಾತ್ರಿ ಒಂಬತ್ತಕ್ಕೆ ಮತ್ತೆ ಹೋಯ್ತು. ಈ ಸಲ ಮನೇಲೇ ಇದ್ವಿ. ನಮ್ಮತ್ತೆ ತವರು ಸಿರಾ ಕಡೆ. ಅವ್ರು ಮಾತಾಡದೆ ಎದ್ದು ತಮ್ಮ ಕಂಬಳಿ ತಂದು ಡಬ್ಬಕ್ಕೆ ಹೊದ್ದಿಸಿದ್ರು. ನಾನು ಒಲೆ ಹಚ್ಚಿ ಬಿಸಿನೀರು ಕಾಯ್ಸಿ ಬಾಟ್ಲಿಗೆ ತುಂಬಿ, ಬಟ್ಟೆ ಸುತ್ತಿ, ಮೊಟ್ಟೆ ಪಕ್ಕ ಇಟ್ಟೆ. ಗಂಟೆಗೊಂದು ಸಲ ಬಾಟ್ಲಿ ಬದಲಾಯ್ಸೋದು. ಡಬ್ಬದ ಥರ್ಮಾಮೀಟರ್ ಕರೆಂಟಿನದು, ಅದೂ ಕಣ್ಮುಚ್ಚಿತ್ತು. ಎಷ್ಟು ಬಿಸಿ ಇದೆ ಅಂತ ಗೊತ್ತಾಗ್ತಿಲ್ಲ, ಹೆಚ್ಚಾದ್ರೂ ಸಾಯ್ತವೆ. ಆಗ ಅಜ್ಜಿ ನೆನಪಾಯ್ತು. ಒಂದು ಮೊಟ್ಟೆ ತಗಂಡು ರೆಪ್ಪೆಗೆ ಒತ್ಕಂಡೆ. ಹಿತವಾಗಿತ್ತು, ಸುಡ್ತಿರಲಿಲ್ಲ. ಅತ್ತೆ ನೋಡಿ, "ನಮ್ಮವ್ವನೂ ಹಿಂಗೇ ಮಾಡ್ತಿದ್ಲು" ಅಂದ್ರು. ಬೆಳಗಿನ ಜಾವ ಮೂರಕ್ಕೆ ಕರೆಂಟ್ ಬಂತು. ಇಪ್ಪತ್ತೊಂದನೇ ದಿನ ಹದಿನೇಳು ಮರಿ ಎದ್ವು.

ಮಾಡೋರಿಗೆ ನಾಲ್ಕು ಮಾತು. ಮೊಟ್ಟೆ ಒಂದು ವಾರಕ್ಕಿಂತ ಹಳೇದು ಬೇಡ, ತೊಳೀಬೇಡಿ, ಚೂಪು ತುದಿ ಕೆಳಗೆ ಮಾಡಿ ಕೂಡಿಡಿ. ಬಿಸಿ 37.5 ಡಿಗ್ರಿ, ಹಳೇ ಲೆಕ್ಕದಲ್ಲಿ 99.5. ಒಳಗೆ ನೀರಿನ ತಟ್ಟೆ ಒಣಗಬಾರ್ದು. ದಿನಕ್ಕೆ ಮೂರೋ ಐದೋ ಸಲ ಮಗುಚಿ, ಬೆಸ ಲೆಕ್ಕ ಇರಲಿ, ರಾತ್ರಿ ಯಾವಾಗ್ಲೂ ಒಂದೇ ಮಗ್ಗುಲಲ್ಲಿ ಮಲಗಬಾರ್ದು. ಕೋಳಿ ಇದನ್ನೇ ಕೊಕ್ಕಲ್ಲಿ ದಿನಾ ಎಷ್ಟೋ ಸಲ ಮಾಡುತ್ತೆ. ಏಳನೇ ದಿನ ಟಾರ್ಚ್ ಹಿಡಿದು ನೋಡಿ. ಹದಿನೆಂಟಾದ ಮೇಲೆ ಮಗುಚೋದು ನಿಲ್ಲಿಸಿ, ನೀರಿನ ಪಸೆ ಹೆಚ್ಚು ಮಾಡಿ, ಮುಚ್ಚಳ ಮುಟ್ಟಬೇಡಿ. ಕಿಚಕಿಚ ಅಂದ್ರೂ ತೆಗೀಬೇಡಿ. ತಡೆಯೋಕಾಗಲ್ಲ, ಗೊತ್ತು, ಆದ್ರೂ ತೆಗೀಬೇಡಿ. ಮರಿಗೆ ವಾರದೊಳಗೆ ಕೊಕ್ಕರೆ ರೋಗದ ಲಸಿಕೆ ಕಣ್ಣಿಗೆ ಹಾಕಿಸಿ.

ಡಬ್ಬ ಮರಿ ಮಾಡುತ್ತೆ, ಸಾಕಲ್ಲ. ಹದ್ದು ಬಂದಾಗ ರೆಕ್ಕೆ ಕೆಳಗೆ ಕರೆಯಲ್ಲ, ಗೆದ್ದಲು ಕೆದಕಿ ತೋರ್ಸಲ್ಲ. ಹದಿನೇಳರಲ್ಲಿ ಆರು ಹ್ಯಾಟೆ ಬಂದವೆ. ಅದ್ರಲ್ಲಿ ಒಂದು ಮೊನ್ನೆ ಕಟ್ಟಿಗೆ ಹಿಂದೆ ಕೂತು "ಕೊರ್ರ್" ಅಂತು. ತಣ್ಣೀರಿಗೆ ಅದ್ದಲಿಲ್ಲ. ಮಂಕ್ರಿಗೆ ಬೂದಿ ಹಾಕಿ, ರಾಗಿ ಹುಲ್ಲು ಹಾಸಿ, ಹನ್ನೊಂದು ಮೊಟ್ಟೆ ಇಟ್ಟೆ. ಅತ್ತೆ ಕಬ್ಬಿಣದ ಚೂರು ತಂದಿಟ್ರು. ನಾನೂ ಕೇಳಲಿಲ್ಲ ಯಾಕೆ ಅಂತ.

ಚಿಕ್ಕಮ್ಮ, ಮರಿ ಎದ್ದ ಮೇಲೆ ಒಂದು ಹ್ಯಾಟೆ ನಿಮಗೆ ಪಾಲಿಗೆ ಕೊಡ್ತೀನಿ. ಅರ್ಧ ನಿಮ್ದು, ಅರ್ಧ ನಮ್ದು. ಮಾರಬ್ಯಾಡ್ರಿ ಮತ್ತೆ.