ಕಾರ್ಖಾನೆಯ ಪಿಕಪ್ಪೋ, ಕೊಂಡು ತಂದ ಪಿಕಪ್ಪೋ

ವಿದ್ಯುತ್ ಗಿಟಾರನ್ನು ಕೈಗೆತ್ತಿಕೊಂಡವರಿಗೆಲ್ಲ ಇಂದಲ್ಲ ನಾಳೆ ಎದುರಾಗುವ ಪ್ರಶ್ನೆಯೊಂದಿದೆ. ಕಂಪನಿಯವರು ಕೂರಿಸಿಕೊಟ್ಟ ಪಿಕಪ್ಪನ್ನೇ ಇಟ್ಟುಕೊಳ್ಳುವುದೋ, ಅದನ್ನು ಕಿತ್ತು ಬೇರೆಯದನ್ನು ಹಾಕಿಸುವುದೋ? ಮೇಲ್ನೋಟಕ್ಕೆ ಇದು ಸ್ಕೂಟರಿನ ಕಾರ್ಬುರೇಟರ್ ಬದಲಿಸುವಂಥ ಮೆಕ್ಯಾನಿಕ್ಕನ ಮಾತು. ಆದರೆ ಈ ಸಣ್ಣ ಪ್ರಶ್ನೆಯ ಹಿಂದೆ ಐವತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಕಸವೆಂದು ಡ್ರಾಯರಿಗೆ ಎಸೆದದ್ದು ಮುಂದೆ ಚಿನ್ನವಾದ ಕಥೆಯೂ ಅದರೊಳಗೆ ಸೇರಿದೆ.

ಪಿಕಪ್ ಎಂದರೇನು ಎಂಬುದನ್ನು ಮೊದಲು ನೋಡೋಣ. ಅದು ಮೈಕ್ ಅಲ್ಲ. ಮೈಕ್ ಗಾಳಿಯ ಕಂಪನವನ್ನು ಹಿಡಿಯುತ್ತದೆ; ಪಿಕಪ್ ಹಿಡಿಯುವುದು ಉಕ್ಕಿನ ತಂತಿಯ ಕಂಪನವನ್ನು. ಅಯಸ್ಕಾಂತದ ಸುತ್ತ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಅದರ ಮೇಲೆ ತಂತಿ ಅಲುಗಾಡಿದಾಗ ಕಾಂತಕ್ಷೇತ್ರವೂ ಅಲುಗಿ, ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ತತ್ವವೇ ಇದು. ತಂತಿ ನೈಲಾನಿನದಾದರೆ ಪಿಕಪ್ಪಿಗೆ ಏನೂ ಕೇಳಿಸದು. ನಮ್ಮಲ್ಲಿ ಮ್ಯಾಂಡೊಲಿನ್ ಶ್ರೀನಿವಾಸ್ ಅವರ ಕಛೇರಿಗಳನ್ನು ಕೇಳಿದವರು ಈ ಯಂತ್ರದ ಫಲವನ್ನು ಕಿವಿಯಾರೆ ಅನುಭವಿಸಿದವರೇ. ಅವರ ವಿದ್ಯುತ್ ಮ್ಯಾಂಡೊಲಿನ್ನಿನ ಗಮಕಗಳು ದೊಡ್ಡ ಸಭಾಂಗಣದ ಕೊನೆಯ ಸಾಲಿಗೂ ಮುಟ್ಟುತ್ತಿದ್ದುದು ಪಿಕಪ್ಪಿನ ದೆಸೆಯಿಂದ.

ಸಂಗೀತಕ್ಕೆ ಈ ತತ್ವವನ್ನು ಯಶಸ್ವಿಯಾಗಿ ಅಳವಡಿಸಿದವರು ಲಾಸ್ ಏಂಜಲೀಸಿನ ಜಾರ್ಜ್ ಬೋಶಾಂ. 1931ರಲ್ಲಿ ರೂಪುಗೊಂಡ ಅವರ ವಾದ್ಯ ನೋಡಲು ಹುರಿಯುವ ಬಾಣಲೆಯಂತಿತ್ತು. ಜನ ಅದನ್ನು ಹಾಗೆಯೇ ಕರೆದರು. ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ 1932ರಿಂದ ಅದನ್ನು ಮಾರಾಟಕ್ಕಿಟ್ಟರು. ಪೇಟೆಂಟ್ ಕಚೇರಿಯವರಿಗೆ ಮಾತ್ರ ಇದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬ ಅನುಮಾನ. ಹವಾಯಿ ಶೈಲಿಯ ಪ್ರಸಿದ್ಧ ವಾದಕ ಸೋಲ್ ಹೂಪಿಯಿ ಮೊದಲಾದವರನ್ನು ವಾಷಿಂಗ್ಟನ್ನಿಗೆ ಕಳಿಸಿ ಅಧಿಕಾರಿಗಳ ಮುಂದೆ ನುಡಿಸಿ ತೋರಿಸಬೇಕಾಯಿತು ಎನ್ನುತ್ತಾರೆ. ಪೇಟೆಂಟ್ ದೊರೆತದ್ದು 1937ರಲ್ಲಿ. ಅಷ್ಟು ಹೊತ್ತಿಗೆ ಗಿಬ್ಸನ್ ಮುಂತಾದವರು ತಮ್ಮದೇ ಪಿಕಪ್ ಮಾಡಿಕೊಂಡು ಮುಂದೆ ಹೋಗಿದ್ದರು.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಎರಡು ದಾರಿಗಳು ಒಡೆದವು. ಒಂದು ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿಯಿಟ್ಟಿದ್ದ ಲಿಯೋ ಫೆಂಡರ್ ಅವರದು. ಅವರ ಸ್ಟ್ರಾಟೋಕ್ಯಾಸ್ಟರ್ 1954ರಲ್ಲಿ ಬಂತು. ಅದರಲ್ಲಿ ಮೂರು ಒಂಟಿ ಸುರುಳಿಯ ಪಿಕಪ್ಪುಗಳು. ಒಂದೊಂದರಲ್ಲೂ ಸುಮಾರು 8,000 ಸುತ್ತು. ಎಳೆ ತಲೆಗೂದಲಿನಷ್ಟು ತೆಳು. ಬಿಚ್ಚಿ ಉದ್ದಕ್ಕೆ ಹಾಸಿದರೆ ಒಂದು ಕಿಲೋಮೀಟರಿಗೂ ಹೆಚ್ಚು! ನಾದವೇನೋ ಗಾಜಿನಂತೆ ಸ್ವಚ್ಛ. ಆದರೆ ಒಂಟಿ ಸುರುಳಿ ಎಂಬುದು ಆಂಟೆನಾ ಕೂಡ ಹೌದು. ಟ್ಯೂಬ್‌ಲೈಟು, ಟ್ರಾನ್ಸ್‌ಫಾರ್ಮರುಗಳಿಂದ ಹೊಮ್ಮುವ ಗುಂಯ್‌ ಶಬ್ದವನ್ನೂ ಅದು ನಿಷ್ಠೆಯಿಂದ ಹಿಡಿದುಕೊಡುತ್ತದೆ.

ಎರಡನೆಯ ದಾರಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ಎಂಜಿನಿಯರನದು. ಅವರು ಎರಡು ಸುರುಳಿಗಳನ್ನು ಪಕ್ಕಪಕ್ಕ ಇಟ್ಟು, ಒಂದರ ಸುತ್ತನ್ನೂ ಕಾಂತಧ್ರುವವನ್ನೂ ಇನ್ನೊಂದಕ್ಕೆ ವಿರುದ್ಧವಾಗಿಸಿದರು. ಹೊರಗಿನ ಗುಂಯ್‌ ಶಬ್ದ ಎರಡರಲ್ಲೂ ಎದುರುಬದುರಾಗಿ ಹುಟ್ಟಿ ಒಂದನ್ನೊಂದು ಅಳಿಸಿಹಾಕುತ್ತದೆ. ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಹಂಬಕರ್ ಎಂಬ ಹೆಸರು ಬಂದದ್ದು ಈ ಕಾರಣಕ್ಕೆ. 1955ರಲ್ಲಿ ಅರ್ಜಿ ಹಾಕಿದರೂ ಪೇಟೆಂಟ್ ಸಿಕ್ಕಿದ್ದು 1959ರಲ್ಲಿ. ಆ ನಡುವೆ ಪಿಕಪ್ಪಿನ ತಳಕ್ಕೆ 'ಪೇಟೆಂಟಿಗೆ ಅರ್ಜಿ ಹಾಕಲಾಗಿದೆ' ಎಂಬ ಅರ್ಥದ ಚೀಟಿ ಅಂಟಿಸುತ್ತಿದ್ದರು. ಆ ಇಂಗ್ಲಿಷ್ ಮಾತಿನ ಮೊದಲಕ್ಷರಗಳಿಂದಲೇ 'ಪಿಎಎಫ್' ಎಂಬ ಹೆಸರು ಹುಟ್ಟಿತು. ಪೇಟೆಂಟ್ ಸಿಕ್ಕ ಮೇಲೂ ಕೆಲವು ವರ್ಷ ಅದೇ ಚೀಟಿ ಮುಂದುವರಿಯಿತು. ಕೊನೆಗೆ ಸಂಖ್ಯೆಯಿರುವ ಚೀಟಿ ಬಂದಾಗ ಅದರಲ್ಲಿದ್ದದ್ದು ಪಿಕಪ್ಪಿನ ಪೇಟೆಂಟಿನ ಸಂಖ್ಯೆಯಲ್ಲ, ತಂತಿ ಕಟ್ಟುವ ಬಾಲತುಂಡಿನ ಪೇಟೆಂಟಿನದು! ನಕಲು ಮಾಡುವವರ ದಾರಿ ತಪ್ಪಿಸಲೆಂದೇ ಹೀಗೆ ಮಾಡಿದರೋ, ಗುಮಾಸ್ತರ ಎಡವಟ್ಟೋ ಎಂಬ ಜಗಳ ಗಿಟಾರ್ ಪ್ರಿಯರಲ್ಲಿ ಇನ್ನೂ ಮುಗಿದಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಕಾಲದ ಸುತ್ತುವ ಯಂತ್ರಗಳು ಲೆಕ್ಕಕ್ಕೆ ಸರಿಯಾಗಿ ತಾವೇ ನಿಲ್ಲುತ್ತಿರಲಿಲ್ಲ. ಸುರುಳಿಗೆ 5,000 ಸುತ್ತೆಂದು ಅಂದಾಜು. ಕೆಲವಕ್ಕೆ ಹೆಚ್ಚು, ಕೆಲವಕ್ಕೆ ಕಡಿಮೆ ಆಗುತ್ತಿತ್ತು. ಅಯಸ್ಕಾಂತವೂ ಕೈಗೆ ಸಿಕ್ಕ ದರ್ಜೆಯದು. ಹೀಗಾಗಿ ಒಂದು ಪಿಎಎಫ್ ಇನ್ನೊಂದರಂತೆ ನುಡಿಯುವುದಿಲ್ಲ. ಇಂದು ಜನ 'ಆ ಹಳೆಯ ನಾದ' ಎಂದು ಹಂಬಲಿಸುವುದು ಒಂದೇ ನಾದವನ್ನಲ್ಲ. ಕಾರ್ಖಾನೆಯ ಅಜಾಗರೂಕತೆಯಿಂದ ಹುಟ್ಟಿದ ನೂರಾರು ನಾದಗಳನ್ನು. ಇದನ್ನು ಮರೆತು ಮಾತಾಡುವವರೇ ಹೆಚ್ಚು.

ಇಷ್ಟಾಗಿಯೂ ಪಿಕಪ್ ಬದಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲವೇ? ವಾದಕರು ಒಂದು ಗಿಟಾರಿನದನ್ನು ಕಿತ್ತು ಇನ್ನೊಂದಕ್ಕೆ ಹಾಕಿಸುತ್ತಿದ್ದುದುಂಟು. ಆದರೆ ಬದಲಿಗೆಂದೇ ತಯಾರಾಗಿ ಪೆಟ್ಟಿಗೆಯಲ್ಲಿ ಬರುವ ಪಿಕಪ್ ಹುಟ್ಟಲು ಎರಡು ಕಾರಣಗಳು ಕೂಡಿಬರಬೇಕಾಯಿತು. ಮೊದಲನೆಯದು ಮಾಲೀಕತ್ವದ ಬದಲಾವಣೆ. 1965ರಲ್ಲಿ ಸಿಬಿಎಸ್ ಎಂಬ ಪ್ರಸಾರ ಸಂಸ್ಥೆ 130 ಲಕ್ಷ ಡಾಲರ್ ತೆತ್ತು ಫೆಂಡರ್ ಕಂಪನಿಯನ್ನು ಕೊಂಡಿತು. ನಾಲ್ಕಾರು ವರ್ಷಗಳಲ್ಲಿ ಗಿಬ್ಸನ್ ಕೂಡ ನಾರ್ಲಿನ್ ಎಂಬ ಉದ್ಯಮದ ಕೈ ಸೇರಿತು. ಲೆಕ್ಕಪತ್ರದವರ ಕಾರುಬಾರು ಶುರುವಾಯಿತು, 70ರ ದಶಕದ ಗಿಟಾರುಗಳ ಗುಣಮಟ್ಟ ಕುಸಿಯಿತೆಂಬ ದೂರು ವ್ಯಾಪಕವಾಯಿತು. ಎರಡನೆಯದು ಸಂಗೀತದ್ದೇ ಒತ್ತಡ. 1966ರಲ್ಲಿ ಜಾನ್ ಮಯಾಲ್ ಅವರ ತಂಡದ ಆಲ್ಬಮಿಗೆ ಎರಿಕ್ ಕ್ಲಾಪ್ಟನ್ ಹಳೆಯ ಲೆಸ್ ಪಾಲ್ ಗಿಟಾರನ್ನು ಮಾರ್ಷಲ್ ಆಂಪ್ಲಿಫಯರಿಗೆ ಸೇರಿಸಿ, ಶಬ್ದ ಒಡೆದುಹೋಗುವಷ್ಟು ಜೋರಾಗಿ ನುಡಿಸಿದ ಮೇಲೆ ಎಲ್ಲರಿಗೂ ಅದೇ ಒಡೆದ ನಾದ ಬೇಕಾಯಿತು. ಆ ಮಾದರಿಯ ಗಿಟಾರನ್ನಾದರೋ, ಗಿರಾಕಿಗಳಿಲ್ಲವೆಂದು ಗಿಬ್ಸನ್ 60ರ ದಶಕದ ಆರಂಭದಲ್ಲೇ ನಿಲ್ಲಿಸಿಬಿಟ್ಟಿತ್ತು.

ಈ ಹಸಿವಿಗೆ ಉತ್ತರ ಕೊಟ್ಟವರು ನ್ಯೂಯಾರ್ಕಿನ ಲ್ಯಾರಿ ಡಿಮಾರ್ಜಿಯೋ. ಅವರ 'ಸೂಪರ್ ಡಿಸ್ಟಾರ್ಶನ್' 1972ರಲ್ಲಿ ಬಂತು. ಹೆಚ್ಚು ಸುತ್ತು, ಬಲವಾದ ಸೆರಾಮಿಕ್ ಅಯಸ್ಕಾಂತ. ಆಂಪ್ಲಿಫಯರ್ ಸುಲಭವಾಗಿ ಗರ್ಜಿಸತೊಡಗಿತು. ಕಿಸ್ ತಂಡದ ಏಸ್ ಫ್ರೇಲಿ, ಜಾಜ್-ರಾಕಿನ ಅಲ್ ಡಿ ಮಿಯೋಲಾ ಅಂಥವರು ಅದನ್ನು ಹಾಕಿಸಿಕೊಂಡರು. ಸೇಮೋರ್ ಡಂಕನ್ ಇನ್ನೊಬ್ಬರು. 70ರ ದಶಕದ ಆರಂಭದಲ್ಲಿ ಲಂಡನ್ನಿನ ಫೆಂಡರ್ ಮಳಿಗೆಯಲ್ಲಿ ರಿಪೇರಿ ಮಾಡುತ್ತಿದ್ದಾಗ ಅವರು ಹಳೆಯ ಗಿಬ್ಸನ್ ಹಂಬಕರುಗಳನ್ನು ಸರಿಪಡಿಸಿ ಟೆಲಿಕ್ಯಾಸ್ಟರಿಗೆ ಕೂರಿಸಿ ಜೆಫ್ ಬೆಕ್‌ಗೆ ಕೊಟ್ಟರು. ಬೆಕ್ ಪ್ರತಿಯಾಗಿ, ತಾವು ಯಾರ್ಡ್‌ಬರ್ಡ್ಸ್ ತಂಡದಲ್ಲಿ ನುಡಿಸುತ್ತಿದ್ದ ಗಿಟಾರನ್ನೇ ಕೊಟ್ಟುಬಿಟ್ಟರು. 1976ರಲ್ಲಿ ಡಂಕನ್ ದಂಪತಿಗಳು ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಸ್ವಂತ ಕಂಪನಿ ತೆರೆದರು. 1978ರಲ್ಲಿ ಎಡ್ಡಿ ವ್ಯಾನ್ ಹೇಲನ್ ಬಂದರು. ಫೆಂಡರ್ ಆಕಾರದ ಅಗ್ಗದ ಮರಕ್ಕೆ ಗಿಬ್ಸನ್ನಿನ ಪಿಎಎಫ್ ಜೋಡಿಸಿ, ಅದು ಕಿರುಚದಂತೆ ಮೇಣದಲ್ಲಿ ಅದ್ದಿ ತೆಗೆದಿದ್ದ ಅವರ ವಾದ್ಯವನ್ನು ಕಂಡ ಮೇಲೆ, ಗಿಟಾರಿಗೆ ಸ್ಕ್ರೂಡ್ರೈವರ್ ಹಚ್ಚದ ಹುಡುಗನೇ ಇಲ್ಲವೆಂಬಂತಾಯಿತು.

ಇದರ ಬೆಲೆಯನ್ನೂ ಹೇಳಬೇಕು. ಸುತ್ತು ಹೆಚ್ಚಿದಂತೆ ಶಬ್ದವೇನೋ ಜೋರಾಗುತ್ತದೆ. ಜೊತೆಗೆ ಮೇಲಿನ ಸ್ವರಾಂಶಗಳ ಹೊಳಪು ಮಂಕಾಗುತ್ತದೆ, ಮೆಲ್ಲಗೆ ಮೀಟಿದ್ದಕ್ಕೂ ಬಲವಾಗಿ ಮೀಟಿದ್ದಕ್ಕೂ ಇರುವ ಅಂತರ ಕುಗ್ಗುತ್ತದೆ. ಅದಕ್ಕೂ ಮಿಗಿಲಾಗಿ, ಹೊಸದನ್ನು ಕೂರಿಸಲು ಎಷ್ಟೋ ಸ್ಟ್ರಾಟೋಕ್ಯಾಸ್ಟರುಗಳ ಮರವನ್ನು ಕೊರೆದು ಹಾಕಿದರು. ಕಿತ್ತ ಹಳೆಯ ಪಿಕಪ್ಪುಗಳು ಮೊಳೆ, ಸ್ಕ್ರೂಗಳ ಡಬ್ಬಿ ಸೇರಿದವು. ಇಂದು ಆ ಚೀಟಿಯಿರುವ ಒಂದು ಜೊತೆ ಪಿಎಎಫ್‌ಗೆ ಸಾವಿರಾರು ಡಾಲರ್ ಕೊಡುವವರಿದ್ದಾರೆ. ಚೀಟಿಯನ್ನೇ ನಕಲು ಮಾಡುವವರೂ ಇದ್ದಾರೆ. ಮೂಲ ಪಿಕಪ್ ಇಲ್ಲದ 50ರ ದಶಕದ ಗಿಟಾರಿನ ಬೆಲೆ ದೊಡ್ಡ ಮೊತ್ತದಷ್ಟು ಇಳಿಯುತ್ತದೆ.

ಹಾಗೆಂದು ಕಾರ್ಖಾನೆಯದೆಲ್ಲ ಪೂಜ್ಯ ಎನ್ನಲಾಗದು. ಸಾಧಾರಣ ಬೆಲೆಯ ಗಿಟಾರಿನಲ್ಲಿ ಕಂಪನಿ ಮೊದಲು ಉಳಿತಾಯ ಮಾಡುವ ಜಾಗಗಳಲ್ಲಿ ಪಿಕಪ್ಪೂ ಒಂದು. ಅಲ್ಲಿ ಬದಲಿಸಿದರೆ ನಷ್ಟವೇನಿಲ್ಲ. ಆದರೆ ನನ್ನ ಎಣಿಕೆಯಲ್ಲಿ ಬದಲಿಸುವವರಲ್ಲಿ ಬಹುಮಂದಿ ತುಸು ಅವಸರದವರು. ಪಿಕಪ್ಪಿನ ಎರಡೂ ಬದಿಯ ಸ್ಕ್ರೂ ತಿರುಗಿಸಿ ತಂತಿಗೆ ಒಂದೆರಡು ಮಿಲಿಮೀಟರ್ ದೂರ ಸರಿಸಿದರೆ ಇಲ್ಲವೇ ಹತ್ತಿರ ತಂದರೆ ನಾದ ಎಷ್ಟು ಬದಲಾಗುತ್ತದೆಂಬುದನ್ನು ಅವರು ನೋಡಿಯೇ ಇರುವುದಿಲ್ಲ. ಹಳೆಯ ತಂತಿ, ಉದ್ದನೆಯ ಕೇಬಲ್ ಕೂಡ ಹೊಳಪನ್ನು ನುಂಗುತ್ತವೆ. ಖರ್ಚಿಲ್ಲದ ಈ ಕೆಲಸ ಮೊದಲು, ಬೆಸುಗೆ ಕಡ್ಡಿ ಆಮೇಲೆ. ಕಿತ್ತದ್ದನ್ನು ಮಾತ್ರ ಎಸೆಯಬಾರದು.

ಎರಡು ಪಂಥಗಳ ನಡುವೆ ನಿಂತ ಒಳ್ಳೆಯ ಉದಾಹರಣೆ ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟೋಕ್ಯಾಸ್ಟರ್. ಸೇತುವೆಯ ಬಳಿಯ ಪಿಕಪ್ಪನ್ನು ಅವರು 70ರ ದಶಕದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬದಲಿಸಿದರು. ಕೊನೆಗೆ 1979ರಲ್ಲಿ ನೆಲೆಗೊಂಡದ್ದು ಡಂಕನ್ ಸುತ್ತಿದ್ದು. ಉಳಿದೆರಡು ಫೆಂಡರಿನವೇ. 2019ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಆ ಗಿಟಾರಿಗೆ ಸಿಕ್ಕಿದ್ದು 39 ಲಕ್ಷ 75 ಸಾವಿರ ಡಾಲರ್. ಅಲ್ಲಿ ಯಾರೂ ಪಿಕಪ್ ಬದಲಾಗಿದೆಯೆಂದು ಮೂಗು ಮುರಿಯಲಿಲ್ಲ. ಆದರೆ ಎಲ್ಲ ಗಿಟಾರುಗಳೂ ಗಿಲ್ಮೋರ್ ಕೈಯಲ್ಲಿ ಪಳಗಿರುವುದಿಲ್ಲವಲ್ಲ!

ಕಂಪನಿಗಳೂ ಪಾಠ ಕಲಿತವು. 1985ರಲ್ಲಿ ಫೆಂಡರನ್ನು ಅದರ ಸಿಬ್ಬಂದಿಯೇ ಸಿಬಿಎಸ್‌ನಿಂದ ಕೊಂಡುಕೊಂಡಿತು. ಮರುವರ್ಷ ಗಿಬ್ಸನ್ನಿಗೂ ಹೊಸ ಒಡೆಯರು ಬಂದರು. ತಮ್ಮದೇ ಹಳೆಯ ಪಿಕಪ್ಪುಗಳನ್ನು ಬಿಚ್ಚಿ, ಸುತ್ತು ಎಣಿಸಿ, ಅವುಗಳ ಪ್ರತಿರೂಪವನ್ನು ಹೆಚ್ಚಿನ ಬೆಲೆಗೆ ಮಾರುವ ವ್ಯಾಪಾರ ಭರದಿಂದ ಸಾಗಿತು. ಇಲ್ಲೊಂದು ತಮಾಷೆ. 50ರ ದಶಕದ ಕೊನೆಗೆ ಗಿಬ್ಸನ್ನಿನಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಕೊರತೆಯಾಗಿ ಕೆಲವು ಸುರುಳಿಗಳಿಗೆ ಕೆನೆಬಣ್ಣದ ಉರುಳೆ ಬಳಸಿದ್ದರು. ಎರಡೂ ಉರುಳೆ ಕೆನೆಬಣ್ಣವಿರುವ ಆ ರೂಪವನ್ನು ಮುಂದೆ ಡಿಮಾರ್ಜಿಯೋ ಅಮೆರಿಕದಲ್ಲಿ ತಮ್ಮ ವ್ಯಾಪಾರ ಮುದ್ರೆಯಾಗಿ ನೋಂದಾಯಿಸಿಕೊಂಡರು.

ಇನ್ನು ಫೆಂಡರ್ ಕಾರ್ಖಾನೆಯಲ್ಲಿ 1956ರಿಂದ ಪಿಕಪ್ ಸುತ್ತುತ್ತಿದ್ದ ಅಬಿಗೇಲ್ ಯಬಾರಾ ಎಂಬ ಮಹಿಳೆಯ ವಿಷಯ. ಬೆರಳುಗಳ ನಡುವೆ ಎಳೆಯನ್ನು ಹಿಡಿದು ಅತ್ತಿತ್ತ ತೂಗಿಸುತ್ತ ಸುರುಳಿ ತುಂಬುವುದು ಅವರ ಕೆಲಸ. ಆಗ ಅವು ಬರೀ ಕಾರ್ಖಾನೆಯ ಪಿಕಪ್ಪುಗಳು. ಸುತ್ತಿದವರು ಯಾರೆಂದು ಕೇಳುವವರಿರಲಿಲ್ಲ. ಹಲವು ದಶಕಗಳ ನಂತರ ಅದೇ ಕಂಪನಿಯ ವಿಶೇಷ ವಿಭಾಗದಲ್ಲಿ ಅವರು ಸುತ್ತಿದ ಪಿಕಪ್ಪುಗಳು ಅವರ ಹೆಸರಿನ ಮೊದಲಕ್ಷರಗಳನ್ನು ಹೊತ್ತು ಹೊರಬಂದವು. ಕಾರ್ಖಾನೆಯ ಪಿಕಪ್ ಸಾಲದೆಂದವರು ಅವನ್ನು ಹುಡುಕಿಕೊಂಡು ಹೋಗಿ, ದುಪ್ಪಟ್ಟು ಬೆಲೆ ಕೊಟ್ಟು ತಂದು ಹಾಕಿಸಿಕೊಂಡರು.